ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಯಲು ಸರಳವಾದ ಕ್ರಮ ಯಾವುದು?

ಪ್ರಶ್ನೆ: ಕಡತಪಾಲಕಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಂಸ್ಥೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಭಾಗದಲ್ಲಿರುವ ಸುಮಾರು 6,000 ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಿ, ಅವುಗಳಿಗೆ ಸೂಚಿ ಸಿದ್ಧಪಡಿಸಿ, ಬೇಕಾದವರು ಕಂಪ್ಯೂಟರಿನಲ್ಲಿ ಹುಡುಕಿಕೊಳ್ಳುವಂತೆ ಮಾಡುವ ಕೆಲಸದ ಹೊಣೆಯನ್ನು ನನಗೆ ವಹಿಸಿದ್ದಾರೆ. ಕಡತಗಳ ವಿಷಯ ನನಗೆ ಚೆನ್ನಾಗಿ ಗೊತ್ತು; ಆದರೆ ಹಲವರಿಂದ ಕೆಲಸ ಮಾಡಿಸಿ, ನಿಗದಿತ ದಿನಾಂಕಕ್ಕೆ ಮುಗಿಸುವ ವಿದ್ಯೆಯನ್ನು ನಾನು ಕ್ರಮವಾಗಿ ಕಲಿತವಳಲ್ಲ.

ಓದಲು ಕುಳಿತರೆ ಗೊಂದಲವೇ ಹೆಚ್ಚಾಗುತ್ತಿದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) ಸಂಸ್ಥೆಯು ಈ ವಿದ್ಯೆಯ ಬಗ್ಗೆ ಹೊರತಂದ ಪಿಎಂಬಿಒಕೆ ಎಂಬ ಮಾರ್ಗದರ್ಶಿಯ ಆರನೇ ಆವೃತ್ತಿಯಲ್ಲಿ 5 ಪ್ರಕ್ರಿಯಾ ಗುಂಪುಗಳು, 10 ಜ್ಞಾನಕ್ಷೇತ್ರಗಳು ಮತ್ತು 49 ಪ್ರಕ್ರಿಯೆಗಳಿವೆ. 2021ರ ಏಳನೇ ಆವೃತ್ತಿಗೆ ಬಂದರೆ ಆ ಜೋಡಣೆಯೇ ಬದಲಾಗಿ 12 ತತ್ವಗಳು ಮತ್ತು 8 ಕಾರ್ಯಕ್ಷೇತ್ರಗಳಾಗಿವೆ. ಒಬ್ಬ ಸಹೋದ್ಯೋಗಿ ಸ್ಕ್ರಮ್ (ಕೆಲಸವನ್ನು ಕಿರು ಅವಧಿಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮಾಡಿ ತೋರಿಸುವ ಪದ್ಧತಿ) ಕಲಿತರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಮೊದಲು ಸರ್ಟಿಫಿಕೇಟ್ ಮಾಡಿಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬರು ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವಾಗ ನಡೆಯುತ್ತದೆ ಎಂದು ಪಟ್ಟಿ ಎಳೆದು ತೋರಿಸುವ ಚಿತ್ರ) ತಯಾರಿಸುವ ಸಾಫ್ಟ್‌ವೇರ್ ಒಂದನ್ನು ಕೈಗಿತ್ತು ಹೋಗಿದ್ದಾರೆ. ಕೆಲಸವನ್ನು ನಡೆಸುತ್ತಲೇ ಕಲಿಯಬೇಕಾದ ನನ್ನಂಥವರು ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೇ ಮೇಸ್ತ್ರಿ

ನೀವು ಹೆಸರಿಸಿದ ಚೌಕಟ್ಟುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಅವೆಲ್ಲವೂ ಹತ್ತಾರು ಪ್ರಾಜೆಕ್ಟುಗಳನ್ನು ನಡೆಸಿದವರು ತಮಗೆ ತಿಳಿದದ್ದನ್ನು ವರ್ಗೀಕರಿಸಿ ಇಟ್ಟ ಪಟ್ಟಿಗಳು; ಹೊಸಬರು ಅಲ್ಲಿಂದಲೇ ಹೊರಟರೆ ಹೆಸರುಗಳು ಬಾಯಿಗೆ ಬರುತ್ತವೆಯೇ ಹೊರತು ಕೆಲಸ ಕೈಗೆ ಬರುವುದಿಲ್ಲ. ನಿಮ್ಮ ಮುಂದೆ ನಿಜವಾದ ಕೆಲಸವೇ ಇರುವಾಗ, ಅದರಲ್ಲಿ ತೊಂದರೆಗಳು ಯಾವ ಕ್ರಮದಲ್ಲಿ ಎದುರಾಗುತ್ತವೆಯೋ ಅದೇ ಕ್ರಮದಲ್ಲಿ ವಿಷಯಗಳನ್ನು ಕಲಿಯುವುದು ಒಳ್ಳೆಯದು.

ಮೊದಲನೆಯ ತೊಂದರೆ, ಏನಾದರೆ ಕೆಲಸ ಮುಗಿದಂತೆ ಎಂಬುದು ಯಾರಿಗೂ ಸ್ಪಷ್ಟವಿಲ್ಲದಿರುವುದು. ಪುಸ್ತಕಗಳು ಇದನ್ನು ಸ್ಕೋಪ್ ಎನ್ನುತ್ತವೆ. ಹರಿದ ಹಾಳೆಗಳನ್ನು ಸರಿಪಡಿಸಿ ಸ್ಕ್ಯಾನ್ ಮಾಡಬೇಕೇ? ಅಂಚಿನಲ್ಲಿರುವ ಕೈಬರಹದ ಟಿಪ್ಪಣಿಗಳೂ ಹುಡುಕಾಟಕ್ಕೆ ಸಿಗಬೇಕೇ? ಒಂದೇ ಪತ್ರದ ಎರಡು ಪ್ರತಿಗಳಿದ್ದರೆ ಎರಡನ್ನೂ ಏರಿಸಬೇಕೇ? ಸ್ಕ್ಯಾನ್ ಆದ ಮೇಲೆ ಮೂಲ ಕಡತ ಎಲ್ಲಿಗೆ ಹೋಗುತ್ತದೆ? ಇವುಗಳಿಗೆ ಉತ್ತರಗಳನ್ನು ಒಂದು ಪುಟದಲ್ಲಿ ಬರೆದು, ಮಾಡದಿರುವ ಕೆಲಸಗಳನ್ನೂ ಅದರಲ್ಲಿ ಹೆಸರಿಸಿ, ಒಪ್ಪಬೇಕಾದವರ ಸಹಿ ಪಡೆಯಿರಿ. ಈ ಹಂತವನ್ನು ದಾಟಿ ಮುಂದೆ ಓಡುವವರಿಗೆ ಸಿಡ್ನಿ ಒಪೆರಾ ಹೌಸ್ ಒಂದು ಪಾಠ. ಅದರ ಚಿಪ್ಪಿನಾಕಾರದ ಛಾವಣಿಯನ್ನು ಕಟ್ಟುವ ಬಗೆ ಇತ್ಯರ್ಥವಾಗುವ ಮೊದಲೇ, 1959ರಲ್ಲಿ, ಕೆಲಸ ಆರಂಭವಾಯಿತು. ಛಾವಣಿಯ ಭಾರಕ್ಕೆ ಸಾಲದೆಂದು ಆಮೇಲೆ ಕೆಳಗಿನ ಕಂಬಗಳನ್ನು ಮತ್ತೆ ಕಟ್ಟಬೇಕಾಯಿತು. 1963ರಲ್ಲಿ 70 ಲಕ್ಷ ಆಸ್ಟ್ರೇಲಿಯನ್ ಡಾಲರಿನಲ್ಲಿ ಮುಗಿಯಬೇಕೆಂದು ಅಂದಾಜಿಸಿದ್ದ ಕಟ್ಟಡ 1973ರಲ್ಲಿ ಮುಗಿದಾಗ ತಗಲಿದ ವೆಚ್ಚ 10.2 ಕೋಟಿ ಡಾಲರ್.

ಎರಡನೆಯದು ಕೆಲಸವನ್ನು ಒಡೆಯುವುದು. ಒಡೆದ ತುಂಡುಗಳನ್ನೆಲ್ಲ ಸೇರಿಸಿದರೆ ಮೂಲ ಕೆಲಸ ಪೂರ್ತಿಯಾಗಿ ಬರಬೇಕು, ಅದಕ್ಕಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಒಂದೊಂದು ತುಂಡೂ 8 ಗಂಟೆಗಿಂತ ಚಿಕ್ಕದಾಗದೆ, 80 ಗಂಟೆಗಿಂತ ದೊಡ್ಡದಾಗದೆ ಇರಲಿ ಎಂಬುದು ರೂಢಿಯ ಲೆಕ್ಕ. ಇಷ್ಟೇ ಸಾಕು, ಇದರ ಮೇಲೆ ಹೆಚ್ಚು ಓದುವ ಅಗತ್ಯವಿಲ್ಲ.

ನೀವು ನಿಧಾನವಾಗಿ, ಸಮಯ ಕೊಟ್ಟು ಕಲಿಯಬೇಕಾದದ್ದು ಮೂರನೆಯದು: ಯಾವ ಕೆಲಸ ಮುಗಿಯದೆ ಯಾವುದು ಆರಂಭವಾಗುವುದಿಲ್ಲ ಎಂಬ ಲೆಕ್ಕ. ಸಾಫ್ಟ್‌ವೇರನ್ನು ಪಕ್ಕಕ್ಕಿಟ್ಟು, ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿಕೊಳ್ಳಿ. ಉದಾಹರಣೆಗೆ, ಕಡತಗಳ ವಿಂಗಡಣೆಗೆ 6 ದಿನ, ಸ್ಕ್ಯಾನರ್ ಖರೀದಿಗೆ 10 ದಿನ, ಸೂಚಿಯ ನಮೂನೆ ನಿರ್ಧರಿಸಲು 3 ದಿನ, ಆ ನಮೂನೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು 5 ದಿನ, ಸ್ಕ್ಯಾನಿಂಗಿಗೆ 15 ದಿನ, ಕೊನೆಯ ಪರಿಶೀಲನೆಗೆ 4 ದಿನ ಎಂದಿಟ್ಟುಕೊಳ್ಳೋಣ. ನಮೂನೆಯ ನಿರ್ಧಾರ ವಿಂಗಡಣೆಯ ನಂತರವೇ ಆಗಬೇಕು. ಸ್ಕ್ಯಾನಿಂಗಿಗೆ ವಿಂಗಡಣೆಯೂ ಮುಗಿದಿರಬೇಕು, ಯಂತ್ರವೂ ಬಂದಿರಬೇಕು. ಪರಿಶೀಲನೆಗೆ ಸ್ಕ್ಯಾನಿಂಗ್ ಮತ್ತು ನಮೂನೆ ಎರಡೂ ಸಿದ್ಧವಿರಬೇಕು.

ಎಲ್ಲವನ್ನೂ ಸುಮ್ಮನೆ ಕೂಡಿದರೆ 43 ದಿನ. ಆದರೆ ಚೀಟಿಗಳನ್ನು ಗೆರೆಗಳಿಂದ ಜೋಡಿಸಿದಾಗ ಮೂರು ದಾರಿಗಳು ಕಾಣುತ್ತವೆ. ವಿಂಗಡಣೆ, ಸ್ಕ್ಯಾನಿಂಗ್, ಪರಿಶೀಲನೆಯ ದಾರಿ 25 ದಿನ. ವಿಂಗಡಣೆಯಿಂದ ನಮೂನೆಯ ಮೂಲಕ ಹೋಗುವ ದಾರಿ 18 ದಿನ. ಖರೀದಿ, ಸ್ಕ್ಯಾನಿಂಗ್, ಪರಿಶೀಲನೆಯ ದಾರಿ 29 ದಿನ. ಅತ್ಯಂತ ಉದ್ದನೆಯ ದಾರಿಯೇ ಕ್ರಿಟಿಕಲ್ ಪಾತ್, ಆದ್ದರಿಂದ ಪ್ರಾಜೆಕ್ಟಿನ ಅವಧಿ 29 ದಿನ. ಕಣ್ಣಿಗೆ ಕಾಣುವ ಕೆಲಸ ವಿಂಗಡಣೆಯಾದ್ದರಿಂದ ಎಲ್ಲರೂ ಅಲ್ಲಿ ಮುಗಿಬೀಳುತ್ತಾರೆ. ಆದರೆ ಇನ್ನಿಬ್ಬರನ್ನು ಹಾಕಿ ಅದನ್ನು 6 ದಿನದಿಂದ 3ಕ್ಕೆ ಇಳಿಸಿದರೂ ಪ್ರಾಜೆಕ್ಟು ಒಂದು ದಿನವೂ ಮೊದಲು ಮುಗಿಯುವುದಿಲ್ಲ, ಏಕೆಂದರೆ ಅದಕ್ಕೆ ಈಗಾಗಲೇ 4 ದಿನಗಳ ಸಡಿಲವಿದೆ, ಅಂದರೆ ಅಷ್ಟು ದಿನ ತಡವಾದರೂ ಕೊನೆಯ ದಿನಾಂಕ ಕೆಡುವುದಿಲ್ಲ. ಆದರೆ ಖರೀದಿಯ ಕಾಗದ ಯಾರದೋ ಮೇಜಿನ ಮೇಲೆ ಒಂದು ದಿನ ಕುಳಿತರೂ ಸಾಕು, ಇಡೀ ಪ್ರಾಜೆಕ್ಟು ಒಂದು ದಿನ ಹಿಂದೆ ಬೀಳುತ್ತದೆ. ಖರೀದಿಯನ್ನು 6 ದಿನಕ್ಕೆ ಇಳಿಸಿದಿರಿ ಎನ್ನಿ, ಆಗ ಎರಡು ದಾರಿಗಳೂ 25 ದಿನದವಾಗುತ್ತವೆ. ಅಲ್ಲಿಂದ ಮುಂದೆ ಖರೀದಿಯೊಂದನ್ನೇ ಚುರುಕುಗೊಳಿಸಿ ಪ್ರಯೋಜನವಿಲ್ಲ. ಈ ಲೆಕ್ಕವನ್ನು ನಿಮ್ಮ ಕೈಯಾರೆ ಒಮ್ಮೆ ಮಾಡಿದ ಮೇಲೆ ಯಾವ ಸಾಫ್ಟ್‌ವೇರಿನ ಗ್ಯಾಂಟ್ ಚಾರ್ಟನ್ನಾದರೂ ಅರ್ಥ ಮಾಡಿಕೊಳ್ಳುವಿರಿ. ಅದಕ್ಕೆ ಮೊದಲಾದರೆ ಅದು ಬಣ್ಣದ ಪಟ್ಟಿಗಳ ಚಿತ್ರವಷ್ಟೇ.

ಉತ್ತರ: ತರಬೇತುದಾರ

ಮೇಸ್ತ್ರಿಯವರ ಕ್ರಮಕ್ಕೆ ನನ್ನ ಒಪ್ಪಿಗೆಯಿದೆ. ಪಟ್ಟಿಗಳ ಬಗ್ಗೆ ಅವರು ತಾಳಿದ ಉದಾಸೀನಕ್ಕೆ ಅಷ್ಟಾಗಿ ಇಲ್ಲ. ಅವರು ಚೀಟಿಗಳಲ್ಲಿ ತೋರಿಸಿದ ವಿಧಾನವೂ ಆ ಪಟ್ಟಿಗಳಂತೆ, ಕೆಲಸ ನಡೆಸಿದವರು ಬರೆದಿಟ್ಟದ್ದರಿಂದಲೇ ರೂಪುಗೊಂಡದ್ದು. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಕಾರ್ಖಾನೆಗಳ ಕೆಲಸಕ್ಕಾಗಿ ಕ್ರಿಟಿಕಲ್ ಪಾತ್ ವಿಧಾನ ಬಂದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1958ರಲ್ಲಿ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಯ ಕಾರ್ಯಕ್ರಮಕ್ಕಾಗಿ ಪರ್ಟ್ ಎಂಬ, ಅವಧಿಯನ್ನು ಅಂದಾಜಿಸುವ ವಿಧಾನ ಬಂದಿತು. ಯಾರೋ ಹೆಸರಿಟ್ಟು ಬರೆದಿಟ್ಟ ಕಾರಣದಿಂದಲೇ ಅವು ಇವತ್ತು ಆರು ಚೀಟಿಗಳ ಮಟ್ಟಕ್ಕೆ ಇಳಿದು ನಮ್ಮ ಕೈಗೆ ಸಿಕ್ಕಿವೆ.

ಪರ್ಟ್‌ನಿಂದ ನೀವು ಈಗಲೇ ಎತ್ತಿಕೊಳ್ಳಬೇಕಾದ ಒಂದು ಸಂಗತಿಯಿದೆ. ಮೇಲಿನ ಲೆಕ್ಕದಲ್ಲಿ ಖರೀದಿಗೆ 10 ದಿನ ಎಂದು ಒಂದೇ ಅಂಕಿಯನ್ನು ಇಟ್ಟಿದ್ದಾರೆ. ಖರೀದಿ ನೋಡಿಕೊಳ್ಳುವವರನ್ನು ಹೀಗೆ ಕೇಳಿ: ಎಲ್ಲವೂ ಸುಗಮವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲವೂ ಕೈಕೊಟ್ಟರೆ ಎಷ್ಟು? ಅವರು 7, 10 ಮತ್ತು 25 ಎಂದರೆ, ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಬಂದದ್ದನ್ನು ಆರರಿಂದ ಭಾಗಿಸಿ. 12 ದಿನ ಬರುತ್ತದೆ. ಅಂದರೆ ನೀವು ಮೇಲಿನವರಿಗೆ ಹೇಳಬೇಕಾದ ಅವಧಿ 29 ದಿನವಲ್ಲ, 31 ದಿನ. ಅದಕ್ಕಿಂತ ಮುಖ್ಯವಾಗಿ, ಆ 25 ಎಂಬ ಅಂಕಿ ಎಲ್ಲಿಂದ ಬಂತೆಂದು ವಿಚಾರಿಸಿದರೆ, ಅನುಮೋದನೆ ನೀಡಬೇಕಾದವರು ರಜೆಯಲ್ಲಿರುವುದೋ, ಕೇಳಿದ ಮಾದರಿಯ ಯಂತ್ರ ದಾಸ್ತಾನಿನಲ್ಲಿ ಇಲ್ಲದಿರುವುದೋ ಹೊರಗೆ ಬರುತ್ತದೆ. ರಿಸ್ಕ್ ರಿಜಿಸ್ಟರ್ ಎಂದು ಕರೆಯುವ ದಾಖಲೆಯ ಮೊದಲ ಸಾಲುಗಳು ಅಲ್ಲೇ ಸಿಕ್ಕಂತಾಯಿತು. ಪ್ರತಿಯೊಂದರ ಮುಂದೆ ಅದನ್ನು ಗಮನಿಸುವವರ ಹೆಸರನ್ನೂ, ಅದು ಎದುರಾದರೆ ಏನು ಮಾಡುವುದೆಂಬುದನ್ನೂ ಬರೆದಿಡಿ.

ಸರ್ಟಿಫಿಕೇಟಿನ ಪ್ರಶ್ನೆಗೆ ಉತ್ತರ ಸುಲಭ. ಪಿಎಂಐ ನೀಡುವ ಪಿಎಂಪಿ ಎಂಬ ಸರ್ಟಿಫಿಕೇಟ್ ಹೊಸಬರಿಗಾಗಿ ಇರುವುದಲ್ಲ. ನಾಲ್ಕು ವರ್ಷದ ಪದವಿ ಇದ್ದವರಿಗೂ ಪ್ರಾಜೆಕ್ಟುಗಳ ಮುಂದಾಳತ್ವ ವಹಿಸಿದ 36 ತಿಂಗಳ ಅನುಭವವನ್ನು ಅದು ಕೇಳುತ್ತದೆ. ಅದೇ ಸಂಸ್ಥೆಯ ಸಿಎಪಿಎಂ ಎಂಬ ಆರಂಭಿಕ ಮಟ್ಟದ ಪರೀಕ್ಷೆಯನ್ನು ಅನುಭವವಿಲ್ಲದೆಯೂ ಬರೆಯಬಹುದು, 23 ಗಂಟೆಗಳ ತರಬೇತಿ ಆಗಿರಬೇಕಷ್ಟೆ. ಕೆಲಸ ಬದಲಿಸುವ ಯೋಚನೆಯಿದ್ದರೆ ಅದರಿಂದ ಉಪಯೋಗವುಂಟು. ಈ ಕಡತಗಳನ್ನು ಮುಗಿಸುವುದಷ್ಟೇ ಗುರಿಯಾದರೆ, ಮಾರ್ಗದರ್ಶಿಯನ್ನು ನಿಘಂಟನ್ನು ಬಳಸುವಂತೆ ಬಳಸಿ, ಬೇಕಾದಾಗ ಬೇಕಾದ ಪುಟವನ್ನು ಮಾತ್ರ ತೆರೆಯಿರಿ.

ಉತ್ತರ: ಬೋರ್ಡು_ಮಾರ್ಕರ್

ಸ್ಕ್ರಮ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಅದು ಅಜೈಲ್ ಎಂದು ಕರೆಯುವ ಪದ್ಧತಿಗಳಲ್ಲೊಂದು. 2001ರಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಪ್ರಕಟಿಸಿದ ಅಜೈಲ್ ಪ್ರಣಾಳಿಕೆಯ ಹಿನ್ನೆಲೆಯಲ್ಲಿದ್ದ ಸಮಸ್ಯೆಯೇ ಬೇರೆ: ಬಳಸುವವರಿಗೆ ಏನು ಬೇಕೆಂಬುದು ಮೊದಲೇ ಪೂರ್ತಿಯಾಗಿ ಗೊತ್ತಿರುವುದಿಲ್ಲ, ಸ್ವಲ್ಪ ಮಾಡಿ ತೋರಿಸಿದಾಗಲೇ ಅದು ಸ್ಪಷ್ಟವಾಗುತ್ತದೆ. ನಿಮ್ಮ ಸ್ಕ್ಯಾನಿಂಗ್ ಅಂಥ ಕೆಲಸವಲ್ಲ. ಅಲ್ಲಿ ಏನು ಮಾಡಬೇಕೆಂಬುದು ಮೊದಲ ದಿನವೇ ಗೊತ್ತು, ಅದನ್ನು ಕಿರು ಅವಧಿಯ ಸ್ಪ್ರಿಂಟ್‌ಗಳಾಗಿ ಒಡೆದು ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಸಭೆ ನಡೆಸಿದರೆ ಸಭೆಯೇ ಉಳಿಯುತ್ತದೆ.

ಆದರೆ ಸೂಚಿಯ ನಮೂನೆ ಮಾತ್ರ ಖಂಡಿತ ಅಂಥ ಕೆಲಸವೇ. ಹುಡುಕುವವರು ಕಡತವನ್ನು ಸಂಖ್ಯೆಯಿಂದ ಹುಡುಕುತ್ತಾರೋ, ವ್ಯಕ್ತಿಯ ಹೆಸರಿನಿಂದಲೋ, ವರ್ಷದಿಂದಲೋ ಎಂಬುದನ್ನು ಕೊಠಡಿಯಲ್ಲಿ ಕುಳಿತು ಊಹಿಸಲಾಗುವುದಿಲ್ಲ. ಆದ್ದರಿಂದ ಬೇರೆ ಬೇರೆ ಬಗೆಯ 100 ಕಡತಗಳನ್ನು ಆರಿಸಿ, ಇರುವ ಯಾವುದಾದರೂ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಸೂಚಿ ತುಂಬಿ, ನಿಜವಾಗಿ ಹುಡುಕುವವರ ಮುಂದಿಟ್ಟು ನೋಡಿ. 6,000 ಕಡತಗಳಿಗೆ ಸೂಚಿ ತುಂಬಿದ ಮೇಲೆ ಒಂದು ಅಂಕಣ ಕಡಿಮೆಯಾಯಿತೆಂದು ಗೊತ್ತಾದರೆ ಪ್ರತಿ ಕಡತವನ್ನೂ ಮತ್ತೆ ತೆರೆಯಬೇಕಾಗುತ್ತದೆ. ಮೇಸ್ತ್ರಿಯವರ ಲೆಕ್ಕದ ಪ್ರಕಾರ ನಮೂನೆಯ ದಾರಿಯಲ್ಲಿ 11 ದಿನಗಳ ಸಡಿಲವಿದೆಯಲ್ಲ, ಈ ಪ್ರಯೋಗಕ್ಕೆ ಅದೇ ಸಾಕು. ಸ್ಕ್ರಮ್ ಓದಲೇಬೇಕೆನಿಸಿದರೆ ಅದರ ಅಧಿಕೃತ ಮಾರ್ಗದರ್ಶಿಯ 2020ರ ಆವೃತ್ತಿ ಹದಿನೈದು ಪುಟವನ್ನೂ ದಾಟುವುದಿಲ್ಲ, ಉಚಿತವಾಗಿಯೇ ಸಿಗುತ್ತದೆ.

ಕಡತಪಾಲಕಿ

ಮೂವರಿಗೂ ಧನ್ಯವಾದಗಳು. ಚೀಟಿಗಳನ್ನು ಹರಡಿ ನೋಡಿದಾಗ ನಮ್ಮಲ್ಲಿಯೂ ಖರೀದಿಯೇ ಮುಂದೆ ನಿಂತಿತು. ನಾವು ಅದನ್ನು ಪಟ್ಟಿಯ ಕೊನೆಯಲ್ಲಿ ಇಟ್ಟಿದ್ದೆವು. ಇನ್ನೆರಡು ಪ್ರಶ್ನೆಗಳಿವೆ. ಸ್ಕ್ಯಾನಿಂಗ್ ಮಾಡುವವರನ್ನು ಕೇಳಿದರೆ ಯಾವಾಗಲೂ ಬಹುತೇಕ ಮುಗಿದಿದೆ ಎಂಬ ಉತ್ತರವೇ ಬರುವ ಸಾಧ್ಯತೆಯಿದೆ, ಅದನ್ನು ಅಳೆಯುವುದು ಹೇಗೆ? ಎರಡನೆಯದಾಗಿ, ಒಪ್ಪಿಗೆಯ ಪುಟಕ್ಕೆ ಸಹಿ ಹಾಕಿದ ನಂತರವೂ ಹಿರಿಯರು ಇದೊಂದನ್ನು ಸೇರಿಸಿ ಎಂದರೆ ಇಲ್ಲ ಎನ್ನುವುದು ನನ್ನ ಸ್ಥಾನದಲ್ಲಿರುವವರಿಗೆ ಕಷ್ಟ.

ಹಳೇ ಮೇಸ್ತ್ರಿ

ಎಷ್ಟು ಮುಗಿದಿದೆ ಎಂದು ಕೇಳಬೇಡಿ, ಪರಿಶೀಲನೆಗೆ ಕೊಡಬಹುದಾದ ಕಡತಗಳು ಎಷ್ಟು ಎಂದು ಎಣಿಸಿ. ಅರ್ಧ ಸ್ಕ್ಯಾನ್ ಆದ ಕಡತದ ಲೆಕ್ಕ ಸೊನ್ನೆ. 6,000 ಕಡತ 15 ದಿನದಲ್ಲಿ ಮುಗಿಯಬೇಕಾದರೆ ದಿನಕ್ಕೆ 400 ಆಗಬೇಕು, ಅಂದರೆ ಐದನೇ ದಿನದ ಸಂಜೆಗೆ 2,000. ಎಣಿಸಿದಾಗ 1,500 ಇದ್ದರೆ, ಆದದ್ದನ್ನು ಆಗಬೇಕಾದದ್ದರಿಂದ ಭಾಗಿಸಿ, 0.75 ಬರುತ್ತದೆ. ಇದೇ ವೇಗದಲ್ಲಿ, ಅಂದರೆ ದಿನಕ್ಕೆ 300ರಂತೆ, ಸ್ಕ್ಯಾನಿಂಗ್ 15 ದಿನದ ಬದಲು 20 ದಿನ ಹಿಡಿಯುತ್ತದೆ ಮತ್ತು ಅದು ಕ್ರಿಟಿಕಲ್ ಪಾತ್ ಮೇಲೆಯೇ ಇರುವುದರಿಂದ ಕೊನೆಯ ದಿನಾಂಕವೂ 5 ದಿನ ಮುಂದಕ್ಕೆ ಹೋಗುತ್ತದೆ. ಪುಸ್ತಕಗಳಲ್ಲಿ ಅರ್ನ್ಡ್ ವ್ಯಾಲ್ಯೂ ಎಂಬ ದೊಡ್ಡ ಅಧ್ಯಾಯವಿದೆ; ಅಲ್ಲಿ ಲೆಕ್ಕ ನಡೆಯುವುದು ಹಣದ ರೂಪದಲ್ಲಿ, ಆದರೆ ತರ್ಕ ಇದೇ. ಮೊದಲೆರಡು ದಿನ ಯಂತ್ರ ಕೈಗೆ ಹೊಂದುವವರೆಗೆ ವೇಗ ಕಡಿಮೆಯಿರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ. ಐದನೇ ದಿನವೂ ಹಾಗೆಯೇ ಇದ್ದರೆ ಅಂದೇ ಮೇಲಿನವರಿಗೆ ತಿಳಿಸಿ.

ತರಬೇತುದಾರ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನೀವು ಇಲ್ಲ ಎನ್ನಬೇಕಾದ ಅಗತ್ಯವೇ ಇಲ್ಲ, ಇಲ್ಲ ಎನ್ನುವ ಅಧಿಕಾರವೂ ಸಾಮಾನ್ಯವಾಗಿ ನಿಮ್ಮದಲ್ಲ. ಅವರು ಕೇಳಿದ್ದನ್ನು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗೆ ಅದು ಎಷ್ಟು ದಿನವನ್ನೂ ಎಷ್ಟು ಜನರನ್ನೂ ಬೇಡುತ್ತದೆ, ಯಾವ ದಿನಾಂಕ ಎಲ್ಲಿಗೆ ಜರುಗುತ್ತದೆ, ದಿನಾಂಕ ಜರುಗಬಾರದೆಂದರೆ ಯಾವುದನ್ನು ಕೈಬಿಡಬೇಕಾಗುತ್ತದೆ ಎಂಬುದನ್ನು ಬರೆದು ಅವರ ಮುಂದಿಡಿ. ಉದಾಹರಣೆಗೆ, ಕೈಬರಹದ ಟಿಪ್ಪಣಿಗಳನ್ನೂ ಸೂಚಿಯಲ್ಲಿ ಸೇರಿಸಿ ಎಂದು ಕೇಳಿದರೆ, ಬೋರ್ಡು_ಮಾರ್ಕರ್ ಅವರು ಹೇಳಿದ ಆ 100 ಕಡತಗಳಲ್ಲಿ ಹತ್ತನ್ನು ತೆಗೆದು ಟಿಪ್ಪಣಿಗಳನ್ನು ತುಂಬಿಸಿ ನೋಡಿ, ತಗಲಿದ ಸಮಯವನ್ನು 600ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ನಿರ್ಧಾರ ಅವರದ್ದೇ ಆಗಿರಲಿ, ಒಪ್ಪಿದರೆ ಹಳೆಯ ಒಪ್ಪಿಗೆಯ ಪುಟವನ್ನು ತಿದ್ದಿ, ಹೊಸ ದಿನಾಂಕದೊಂದಿಗೆ ಮತ್ತೆ ಸಹಿ ಪಡೆದುಕೊಳ್ಳಿ.