ಪದಚರ್ಚೆ: ಕಾಪಿ ಹೊಡೆಯುವುದು, ಕಾಪಿ ಬರೆಯುವುದು – ದೊಡ್ಡವರ ಫೋಟೋ ಮುಂದಿಟ್ಟುಕೊಂಡು ಕಲಿಯುವುದಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ನಿಘಂಟಿನಲ್ಲಿ ಇದ್ದರೆ ಸಾಲದು, ಬಾಯಲ್ಲಿ ಸಲೀಸಾಗಿ ಬರಬೇಕು. ಯಾಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ.

ಹುಬ್ಬಳ್ಳಿಯಲ್ಲಿ ನಾವು ಹತ್ತು ಹನ್ನೆರಡು ಜನ ಭಾನುವಾರ ಸೇರಿ ಫೋಟೋ ತೆಗೆಯುವುದನ್ನು ಕಲಿಯುತ್ತೇವೆ. ಹಕ್ಕಿ, ಕೆರೆ, ಗುಡ್ಡ, ಮೋಡ ಇವೇ ನಮ್ಮ ವಿಷಯ. ಈ ವರ್ಷ ಒಂದು ಪಾಠ ಇಟ್ಟುಕೊಂಡೆವು. ಪ್ರತಿಯೊಬ್ಬರೂ ದೊಡ್ಡ ಛಾಯಾಗ್ರಾಹಕರೊಬ್ಬರ ಒಂದೇ ಒಂದು ಚಿತ್ರ ಆರಿಸಿಕೊಳ್ಳಬೇಕು. ಬೆಳಕು ಯಾವ ಕಡೆಯಿಂದ ಬಂದಿದೆ, ಎಲ್ಲಿ ನಿಂತು ತೆಗೆದಿದ್ದಾರೆ, ಏನನ್ನು ಬಿಟ್ಟಿದ್ದಾರೆ ಅಂತ ವಾರಗಟ್ಟಲೆ ನೋಡಬೇಕು. ಆಮೇಲೆ ನಮ್ಮ ಸೀಮೆಯಲ್ಲೇ ಅಂಥದ್ದೊಂದು ಚಿತ್ರ ತೆಗೆದು ನೋಡಬೇಕು. ಒಬ್ಬ ಹುಡುಗ ಸಂಡೂರಿನ ಎಂ.ವೈ. ಘೋರ್ಪಡೆಯವರ (1931–2011) ಕಪ್ಪುಬಿಳುಪು ಚಿತ್ರವೊಂದನ್ನು ಹಿಡಿದುಕೊಂಡು ರಾಣೆಬೆನ್ನೂರಿನ ಚಿಗರಿಗಳ (ಕೃಷ್ಣಮೃಗಗಳ) ಬೆನ್ನು ಹತ್ತಿದ್ದಾನೆ. ಒಬ್ಬಳು ಹುಡುಗಿ ಅಮೆರಿಕದ ಆನ್ಸೆಲ್ ಆಡಮ್ಸ್ ಅವರ (1902–1984) ಚಿತ್ರ ಆರಿಸಿದಳು. ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆ, ಅದರ ಮೇಲೆ ಚಂದ್ರ.

ಅವಳು ತೆಗೆದ ಚಿತ್ರ ಚೆನ್ನಾಗಿ ಬಂತು. ಪ್ರಿಂಟ್ ಹಾಕಿಸಿ, ಕೆಳಗೆ ‘ಆನ್ಸೆಲ್ ಆಡಮ್ಸ್ ಚಿತ್ರದ ಕಾಪಿ’ ಅಂತ ಬರೆದು ಮನೆಯಲ್ಲಿ ತೋರಿಸಿದಳು. ಅವರಪ್ಪ ಓದಿ ಬೇಜಾರಾದರಂತೆ. “ಕಾಪಿ ಹೊಡಿಯಾಕ ಇಷ್ಟ ರೊಕ್ಕಾ ಹಾಕಿ ಕ್ಯಾಮೆರಾ ಕೊಡಿಸಿದ್ನೇನವಾ?” ಅಂದರಂತೆ. ಅವಳು ನನ್ನ ಹತ್ತಿರ ಬಂದು, “ಸರ್, ಬೇರೆ ಏನಂತ ಬರೀಲಿ?” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳ ಕೆಲಸದಲ್ಲಿ ತಪ್ಪಿರಲಿಲ್ಲ, ನಾವು ಕೊಟ್ಟ ಹೆಸರಲ್ಲಿ ತಪ್ಪಿತ್ತು.

ಅವಳು ಮಾಡಿದ್ದು ಕಾಪಿ ಅಲ್ಲ ಅನ್ನುವುದಕ್ಕೆ ಆ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಡಮ್ಸ್ ಆ ಚಿತ್ರ ತೆಗೆದದ್ದು 1960ರ ಡಿಸೆಂಬರ್ 28ರ ಸಂಜೆ, ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇದ್ದಾಗ. ಇಳಿಬಿಸಿಲು ಬಂಡೆಯ ಮೇಲೆ ಇತ್ತು. ನಮ್ಮ ಹುಡುಗಿಯೂ ಲೆಕ್ಕ ಹಾಕಿ ಹುಣ್ಣಿಮೆಗೆ ನಾಲ್ಕು ದಿನ ಮೊದಲೇ ಕಪ್ಪತಗುಡ್ಡಕ್ಕೆ ಹೊರಟಳು. ಶಿರಹಟ್ಟಿ ಕಡೆಯಿಂದ ನೋಡಿದರೆ ಗುಡ್ಡ ಮೂಡಲಿಗೆ ಇರುತ್ತದೆ. ಮುಳುಗುವ ಸೂರ್ಯನ ಬೆಳಕು ಅದರ ಮುಖಕ್ಕೇ ಬೀಳುತ್ತದೆ. ಎಲ್ಲಾ ಸರಿ ಇತ್ತು, ಚಂದ್ರ ಮಾತ್ರ ಗುಡ್ಡ ಬಿಟ್ಟು ಬಹಳ ಮೇಲೆ ಏರಿಬಿಟ್ಟಿದ್ದ. ಹಾಫ್ ಡೋಮ್ ಕಣಿವೆಯ ನೆಲದಿಂದ ಸುಮಾರು 1,400 ಮೀಟರ್ ಎದ್ದು ನಿಂತ ಬಂಡೆ. ಅಲ್ಲಿ ಅಷ್ಟೆತ್ತರದ ಚಂದ್ರನೂ ಬಂಡೆಯ ಪಕ್ಕಕ್ಕೇ ಬರುತ್ತಾನೆ. ನಮ್ಮ ಗುಡ್ಡ ಅಷ್ಟು ಎತ್ತರ ಇಲ್ಲ. ತಿಥಿಯನ್ನು ಹಾಗೇ ತಂದರೆ ಚಿತ್ರ ಬರುವುದಿಲ್ಲ.

ಎರಡನೇ ಸಲ ಚತುರ್ದಶಿಗೆ ಹೋದೆವು. ಅವತ್ತು ಚಂದ್ರ ಸೂರ್ಯ ಮುಳುಗುವ ಸುಮಾರು ಮುಕ್ಕಾಲು ಗಂಟೆ ಮೊದಲು ಮೂಡುತ್ತಾನೆ. ಗುಡ್ಡದ ಮೇಲೆ ಬಿಸಿಲು ಇನ್ನೂ ಇರುತ್ತದೆ, ಚಂದ್ರ ಅಂಚಿನ ಹತ್ತಿರವೇ ಇರುತ್ತಾನೆ. ಆಗ ಲೆನ್ಸಿನ ಪ್ರಶ್ನೆ ಬಂತು. ಎಲ್ಲರಿಗೂ ಚಂದ್ರನನ್ನು ದೊಡ್ಡದು ಮಾಡುವ ಆಸೆ. ಆಡಮ್ಸ್ ಬಳಸಿದ್ದು ಹ್ಯಾಸಲ್‌ಬ್ಲಾಡ್ ಕ್ಯಾಮೆರಾ, 250 ಎಂಎಂ ಲೆನ್ಸ್. ಲೆನ್ಸಿನ ಉದ್ದವನ್ನು 110ರಿಂದ ಭಾಗಿಸಿದರೆ ಫಿಲಂ ಮೇಲೆ ಚಂದ್ರ ಎಷ್ಟು ದೊಡ್ಡದಾಗಿ ಬೀಳುತ್ತಾನೆ ಅನ್ನುವುದು ಗೊತ್ತಾಗುತ್ತದೆ. ಅಂದರೆ ಅವರ ಫಿಲಂ ಮೇಲೆ ಚಂದ್ರ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಫಿಲಂನ ಚೌಕ 56 ಮಿಲಿಮೀಟರ್. ಅವರು ಚಂದ್ರನನ್ನು ಸಣ್ಣದಾಗಿಯೇ ಬಿಟ್ಟಿದ್ದರಿಂದ ಬಂಡೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಇದು ಗೊತ್ತಾದ ಮೇಲೆ ಹುಡುಗಿ 300 ಎಂಎಂ ಲೆನ್ಸ್ ತೆಗೆದಿಟ್ಟು ಸಣ್ಣ ಲೆನ್ಸ್ ಹಾಕಿದಳು. ಗುಡ್ಡದ ಅಂಚಿನ ಗಾಳಿಫ್ಯಾನುಗಳೂ ಚಿತ್ರದಲ್ಲಿ ಬಂದವು. ಅವನ್ನು ಅಳಿಸುವುದು ಬೇಡ ಅಂದಳು. ಅದು ಅವಳ ಕಪ್ಪತಗುಡ್ಡ.

ಇದನ್ನು ಕಾಪಿ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಹಾಗಾದರೆ ಏನನ್ನಬೇಕು?

ಪತ್ರಿಕೆಗಳಲ್ಲಿ ‘ಮರುಸೃಷ್ಟಿ’ ಅಂತ ಬರೆಯುತ್ತಾರೆ. ನನಗೆ ಇದು ಬೇಡ, ಅದಕ್ಕೆ ಗಟ್ಟಿ ಕಾರಣ ಇದೆ. ಪ್ರಕೃತಿಯ ಚಿತ್ರದಲ್ಲಿ ನಾವು ಏನನ್ನೂ ಸೃಷ್ಟಿ ಮಾಡುವುದಿಲ್ಲ, ಮಾಡಲೂಬಾರದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಹಿಮಾಲಯ ದಾಟಿ ಬಂದ ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇದು, ನೀರಿಗೆ ಬಂದು ದಣಿವಾರಿಸಿಕೊಳ್ಳುತ್ತವೆ. ಒಮ್ಮೆ ಅಲ್ಲಿ ಯಾರೋ ಹೆಂಟೆ ಎಸೆದು ಹಕ್ಕಿಗಳನ್ನು ಎಬ್ಬಿಸಿದರು. ಪುಸ್ತಕದಲ್ಲಿ ನೋಡಿದ ಹಾರುವ ಹಿಂಡಿನ ಚಿತ್ರ ಅವರಿಗೂ ಬೇಕಿತ್ತು. ನನಗೆ ತುಂಬಾ ನೋವಾಯಿತು. ಹಕ್ಕಿ ತಾನಾಗಿ ಏಳುವವರೆಗೆ ಕಾಯುವುದೇ ಆ ಚಿತ್ರದ ಪಾಠ. ಮರುಸೃಷ್ಟಿ ಅನ್ನುವ ಪದ ಕಾಯುವುದನ್ನು ಕಲಿಸುವುದಿಲ್ಲ, ಏನಾದರೂ ಮಾಡಿ ಎಬ್ಬಿಸು ಅನ್ನುತ್ತದೆ.

‘ಅನುಕರಣೆ’ ಅಂದರೆ ಅಣಕದ ಹತ್ತಿರ ಹೋಗುತ್ತದೆ. ‘ನಕಲು’ ಅಂದರೆ ತಹಶೀಲ್ದಾರ್ ಕಚೇರಿ ನೆನಪಾಗುತ್ತದೆ, ಇಲ್ಲವೇ ಖೊಟ್ಟಿ ಮಾಲು. ‘ಪಡಿಯಚ್ಚು’ ಒಳ್ಳೆಯ ಪದ, ಆದರೆ ಅದು ಬಂದ ಫಲದ ಹೆಸರು, ಮಾಡುವ ಕೆಲಸದ ಹೆಸರಲ್ಲ.

‘ತಾಲೀಮು’ ಬಗ್ಗೆ ಬಹಳ ಯೋಚಿಸಿದೆ. ನಮ್ಮ ಧಾರವಾಡದ ಸಂಗೀತಕ್ಕೆ ಅದು ಮನೆಯ ಮಾತು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಗಂಗೂಬಾಯಿ ಹಾನಗಲ್ಲರೂ ಕಲಿತರು, ಭೀಮಸೇನ ಜೋಶಿಯವರೂ ಕಲಿತರು. ಗುರು ಹಾಡಿದ ಬಂದಿಶನ್ನೇ ಇಬ್ಬರೂ ಹಾಡಿದರೆ ಯಾರಾದರೂ ಕಾಪಿ ಅಂದರೇ? ಇಲ್ಲ. ಇಬ್ಬರ ದನಿಯೂ ಬೇರೆ ಬೇರೆ. ಆಡಮ್ಸ್ ಕೂಡ ಮೊದಲು ಪಿಯಾನೋ ಕಲಿತವರು. ನೆಗೆಟಿವ್ ಅಂದರೆ ಸಂಗೀತಗಾರ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಅಂದರೆ ಅದನ್ನು ನುಡಿಸುವುದು ಅಂತ ಅವರು ಹೇಳುತ್ತಿದ್ದರು. ಇಷ್ಟೆಲ್ಲ ಹೊಂದಿದರೂ ತಾಲೀಮು ಪೂರ್ತಿ ಕೂಡುವುದಿಲ್ಲ. ನಮ್ಮಲ್ಲಿ ನಾಟಕಕ್ಕೂ ತಾಲೀಮು ಇದೆ, ಕುಸ್ತಿಗೂ ಇದೆ. ಯಾರದೋ ಒಂದು ಕೃತಿಯನ್ನು ಮುಂದಿಟ್ಟುಕೊಂಡು ಅನ್ನುವ ಅರ್ಥ ಅದರಲ್ಲಿ ಬರುವುದಿಲ್ಲ. ಮೇಲಾಗಿ ತಾಲೀಮಿಗೆ ಎದುರಿಗೆ ಗುರು ಬೇಕು. ನಮ್ಮೆದುರು ಇರುವುದು ಒಂದು ಚಿತ್ರ ಮಾತ್ರ.

ಕೊನೆಗೆ ಅವ್ವನನ್ನು ಕೇಳಿದೆ. ಅವಳು ಓದಿದ್ದು ಸವಣೂರು ಕಡೆಯ ಒಂದು ಕನ್ನಡ ಶಾಲೆಯಲ್ಲಿ. “ಮಾಸ್ತರು ಪಾಟಿ ಮ್ಯಾಲೆ ದೊಡ್ಡದಾಗಿ ಬರದು ಕೊಡತಿದ್ರು. ಅದರ ಮ್ಯಾಲೆ ತಿದ್ದತಿದ್ವಿ. ತಿದ್ದಿ ತಿದ್ದಿ ಅಕ್ಷರ ಬಟ್ಟಿನಷ್ಟು ದಪ್ಪ ಆಗತಿತ್ತು. ಆಮೇಲೆ, ಇನ್ನ ಸಾಕು, ಬಾಜೂಕ ನೀನ ಬರಿ ಅಂತಿದ್ರು” ಅಂದಳು.

ತಿದ್ದು! ಕಣ್ಣೆದುರೇ ಇದ್ದ ಪದ. ಹಳಗನ್ನಡದಲ್ಲಿ ಇದು ತಿರ್ದು. ತಮಿಳಿನ ತಿರುತ್ತು, ತೆಲುಗಿನ ದಿದ್ದು ಇದರದೇ ಬಳಗ. ತೆಲುಗಿನವರೂ ಅಕ್ಷರವನ್ನು ದಿದ್ದಿಯೇ ಕಲಿಯುತ್ತಾರೆ. ಇದರ ಚೆಂದ ಏನೆಂದರೆ, ಇನ್ನೊಬ್ಬರ ಗೆರೆಯ ಮೇಲೆ ಕೈ ಆಡಿಸುವುದೂ ತಿದ್ದುವುದೇ, ತಪ್ಪು ಸರಿಮಾಡುವುದೂ ತಿದ್ದುವುದೇ. ಮಾಸ್ತರರ ಅಕ್ಷರ ತಿದ್ದುವಾಗ ತಿದ್ದಿಕೊಳ್ಳುವುದು ನಮ್ಮ ಕೈ. ಬೆಳಗಾವಿ ಕಡೆ ಮರಾಠಿ ಶಾಲೆ ಕಲಿತವರು ಇದಕ್ಕೇ ‘ಕಿತ್ತಾ ಗಿರವಣೆ’ ಅನ್ನುತ್ತಾರೆ.

ಆದರೆ ಈಗ ‘ಫೋಟೋ ತಿದ್ದಿದ್ದಾರೆ’ ಅಂದರೆ ಜನ ಬೇರೆಯೇ ತಿಳಿಯುತ್ತಾರೆ. ಕಂಪ್ಯೂಟರಿನಲ್ಲಿ ಏನೋ ಬದಲಾಯಿಸಿದ್ದಾರೆ ಅಂತ. ‘ಆಡಮ್ಸ್ ಚಿತ್ರ ತಿದ್ದಿದೆ’ ಅಂತ ಆ ಹುಡುಗಿ ಬರೆದರೆ ಮೊದಲಿಗಿಂತ ದೊಡ್ಡ ಅಪವಾದ ಬರುತ್ತದೆ. ‘ಇಳಿಸಿಕೊಳ್ಳು’ ಪದಕ್ಕೂ ಹೀಗೇ ಆಗಿದೆ. ನಮ್ಮ ಚಿಕ್ಕಮ್ಮ ಕಸೂತಿ ಹಾಕುತ್ತಾಳೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಹಳೆಯ ಸೀರೆ ಪಕ್ಕಕ್ಕಿಟ್ಟುಕೊಂಡು ಎಳೆ ಎಣಿಸಿ ಎಣಿಸಿ ಹೊಸ ಬಟ್ಟೆಗೆ ಗೋಪುರ, ತೇರು ತರುತ್ತಾಳೆ. ಅದಕ್ಕೆ ಅವಳು ‘ಇಳಿಸಿಕೊಂಡೆ’ ಅನ್ನುತ್ತಾಳೆ. ಎಂಥ ಒಳ್ಳೆಯ ಮಾತು! ಫೋಟೋ ವಿಷಯದಲ್ಲಿ ‘ಇಳಿಸಿಕೊಂಡೆ’ ಅಂದರೆ ಈಗ ಡೌನ್‌ಲೋಡ್. ಹಾಗಂತ ಪದ ಕಳೆದೇಹೋಯಿತು ಅಂತ ನಾನು ತಿಳಿಯುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಚಿಗರಿ ಅಂದರೆ ಈಗ ಬಿಆರ್‌ಟಿಎಸ್ ಬಸ್ಸು. ಆದರೂ ರಾಣೆಬೆನ್ನೂರಿನ ಚಿಗರಿ ಚಿಗರಿಯಾಗಿಯೇ ಉಳಿದಿದೆ.

ಅವ್ವನ ಮಾತನ್ನು ಮತ್ತೆ ಮತ್ತೆ ನೆನೆಸಿಕೊಂಡಾಗ ಇನ್ನೊಂದು ಹೊಳೆಯಿತು. ಅವಳು ಹೇಳಿದ್ದರಲ್ಲಿ ಎರಡು ಹಂತ ಇವೆ: ಮೇಲೆ ತಿದ್ದುವುದು, ಬಾಜೂಕ (ಪಕ್ಕದಲ್ಲಿ) ಬರೆಯುವುದು. ನಮ್ಮ ಹುಡುಗಿ ಮೊದಲ ಸಲ ತಿಥಿಯನ್ನೂ ಬಿಡದೆ ಆಡಮ್ಸ್ ಮೇಲೆಯೇ ತಿದ್ದಲು ಹೋಗಿದ್ದಳು. ಎರಡನೇ ಸಲ ಬಾಜೂಕ ಬರೆದಳು. ಬಾಜೂಕ ಬರೆಯುವುದಕ್ಕೆ ಶಾಲೆಯಲ್ಲಿ ಹೆಸರೇ ಇತ್ತಲ್ಲ, ‘ಕಾಪಿ ಬರೆಯುವುದು’! ದಿನಾ ಒಂದು ಪುಟ ಕಾಪಿ ಬರೆದು ತರಬೇಕಿತ್ತು. ಕಾಪಿ ಬರೆದರೆ ಶಾಬಾಶ್, ಕಾಪಿ ಹೊಡೆದರೆ ಪರೀಕ್ಷೆಯಿಂದ ಹೊರಗೆ. ಹೆಸರಪದ ಒಂದೇ, ಕ್ರಿಯಾಪದ ಬದಲಾದರೆ ಅರ್ಥವೇ ತಿರುಗುತ್ತದೆ. ಕಾಪಿ ಹೊಡೆಯುವವನು ಎಲ್ಲಿಂದ ತಂದೆ ಅನ್ನುವುದನ್ನು ಮುಚ್ಚಿಡುತ್ತಾನೆ. ಕಾಪಿ ಬರೆಯುವವನ ಹಾಳೆಯಲ್ಲಿ ಮಾಸ್ತರರ ಸಾಲು ಎಲ್ಲಕ್ಕಿಂತ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ.

ಆ ಮೇಲಿನ ಸಾಲಿಗೆ ನಮ್ಮಲ್ಲಿ ಚೆಂದದ ಹೆಸರಿದೆ: ಮೇಲ್ಪಂಕ್ತಿ. ‘ಮೇಲ್ಪಂಕ್ತಿ ಹಾಕಿಕೊಟ್ಟರು’ ಅನ್ನುವುದನ್ನು ಈಗ ಭಾಷಣದಲ್ಲಿ ಮಾತ್ರ ಕೇಳುತ್ತೇವೆ. ಅದನ್ನು ಮತ್ತೆ ಹಾಳೆಗೆ ತರೋಣ ಅನ್ನುವುದು ನನ್ನ ಸೂಚನೆ. ಯಾರ ಚಿತ್ರ ನೋಡಿ ಕಲಿಯುತ್ತೇವೋ ಅದು ಮೇಲ್ಪಂಕ್ತಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ಕೆಲಸವೂ ಇದೆ. ಅದಕ್ಕೆ ಬೇರೆ ಪದ ಬೇಕು. ಅದೇ ಜಾಗದಲ್ಲಿ, ಅದೇ ಕ್ಷಣ ಕಾದು ಮತ್ತೆ ತೆಗೆಯುವುದು. ಆಡಮ್ಸ್ ಅವರ ಇನ್ನೊಂದು ಚಂದ್ರನ ಚಿತ್ರ ಯೊಸೆಮಿಟಿಯ ಗ್ಲೇಸಿಯರ್ ಪಾಯಿಂಟ್‌ನಿಂದ ತೆಗೆದದ್ದು. ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಓಲ್ಸನ್ ಮತ್ತು ಜೊತೆಯವರು ನೆರಳು, ಚಂದ್ರನ ಜಾಗ ಅಳೆದು ಅದು 1948ರ ಸೆಪ್ಟೆಂಬರ್ 15ರದು ಅಂತ ಕಂಡುಹಿಡಿದರು. ಚಂದ್ರ ಅದೇ ಜಾಗಕ್ಕೆ 2005ರ ಸೆಪ್ಟೆಂಬರ್ 15ಕ್ಕೆ ಮತ್ತೆ ಬರುತ್ತಾನೆ ಅಂತಲೂ ಹೇಳಿದರು. ಅವತ್ತು ಅಲ್ಲಿ ನೂರಾರು ಜನ ಸೇರಿದ್ದರು. ನಡುವೆ 57 ವರ್ಷ, ಅಂದರೆ ಮೂರು 19. ಹುಟ್ಟಿದ ತಾರೀಖು, ತಿಥಿ 19 ವರ್ಷಕ್ಕೊಮ್ಮೆ ಕೂಡಿಬರುತ್ತವೆ ಅಂತ ನಮ್ಮ ಹಿರಿಯರು ಹೇಳುವುದೂ ಇದೇ ಲೆಕ್ಕ. ಈ ಕೆಲಸಕ್ಕೆ ‘ಮರುನೋಟ’ ಸಾಕು ಅಂತ ನನಗೆ ಅನ್ನಿಸುತ್ತದೆ. ಆಕ್ಷೇಪ ಇದ್ದರೆ ಹೇಳಿ.

ಈಗ ನನ್ನ ಪ್ರಶ್ನೆ. ಮೇಲಿನ ಸಾಲು ಮೇಲ್ಪಂಕ್ತಿಯಾದರೆ, ಅದರ ಕೆಳಗೆ ಮಗು ಬರೆಯುವ ಸಾಲುಗಳಿಗೆ ನಿಮ್ಮ ಊರ ಶಾಲೆಯಲ್ಲಿ ಏನನ್ನುತ್ತಿದ್ದರು? ಗದಗ, ರೋಣ, ಹಾನಗಲ್ಲ, ಬ್ಯಾಡಗಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ಬರೆದರೆ ಬಹಳ ಉಪಕಾರ. ಬಡಿಗರು, ಅಕ್ಕಸಾಲಿಗರು, ಇಳಕಲ್ ಸೀರೆ ನೇಯುವವರು ಹಳೆಯದೊಂದನ್ನು ಮುಂದಿಟ್ಟುಕೊಂಡು ಹೊಸದು ಮಾಡುವಾಗ ಯಾವ ಕ್ರಿಯಾಪದ ಬಳಸುತ್ತಾರೆ? ನನಗೆ ಮುಖ್ಯವಾಗಿ ಬೇಕಿರುವುದು ಆ ಕ್ರಿಯಾಪದ.

ಸದ್ಯಕ್ಕೆ ಹುಡುಗಿ ತನ್ನ ಪ್ರಿಂಟಿನ ಕೆಳಗೆ ಹೊಸ ಚೀಟಿ ಅಂಟಿಸಿದ್ದಾಳೆ: “ಕಪ್ಪತಗುಡ್ಡ, ಶಿರಹಟ್ಟಿ ಕಡೆಯಿಂದ, ಚತುರ್ದಶಿ ಸಂಜೆ. ಮೇಲ್ಪಂಕ್ತಿ: ಆನ್ಸೆಲ್ ಆಡಮ್ಸ್, 1960.” ಅವರಪ್ಪ ಅದನ್ನು ಓದಿ, ಆ ಆಡಮ್ಸ್ ಚಿತ್ರ ಎಲ್ಲಿದೆ, ತೋರಿಸು ಅಂದರಂತೆ.