‘ಟೆನ್ಷನ್ ಅಷ್ಟೇ’ ಅಂದರು ಡಾಕ್ಟರು. ಹಾಗಾದರೆ ನನ್ನ ನೋವು ಸುಳ್ಳಾ?

ಪ್ರಶ್ನೆ

ಮೇಡಂ, ನನಗೆ 38 ವರ್ಷ. ಆರು ತಿಂಗಳಿಂದ ಎದೆ ಬಿಗಿದಂತಾಗುತ್ತದೆ, ಹೊಟ್ಟೆ ಉರಿಯುತ್ತದೆ, ಕತ್ತು ಕೊರಡಿನ ಹಾಗೆ ಸೆಟೆದುಕೊಂಡಿರುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಇಸಿಜಿ, ಎಕೋ, ಥೈರಾಯ್ಡ್, ಶುಗರ್, ಎಂಡೋಸ್ಕೋಪಿ ಎಲ್ಲ ಆಯಿತು. ಡಾಕ್ಟರು ಫೈಲ್ ಮುಚ್ಚಿ, ‘ಎಲ್ಲಾ ನಾರ್ಮಲ್. ಟೆನ್ಷನ್ ಅಷ್ಟೇ. ಜಾಸ್ತಿ ಯೋಚನೆ ಮಾಡಬೇಡಿ’ ಅಂದರು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ನಾನು ಸುಮ್ನೆ ನರಳುವವಳು. ಅಮ್ಮನಿಗೆ ಮರೆವಿನ ಕಾಯಿಲೆ. ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ, ಜೊತೆಗೆ ನೌಕರಿ. ನನ್ನ ನೋವು ನಿಜವಾ, ಇಲ್ಲ ಎಲ್ಲ ನನ್ನ ಕಲ್ಪನೆಯಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್)

ನೋವು ನಿಜ. ಡಾಕ್ಟರು ಹೇಳಿದ್ದರಲ್ಲಿ ‘ಟೆನ್ಷನ್’ ಅನ್ನುವುದು ಸರಿ ಇರಬಹುದು. ನನ್ನ ತಕರಾರು ಇರುವುದು ‘ಅಷ್ಟೇ’ ಅನ್ನುವ ಪದದ ಮೇಲೆ.

ನಿಮ್ಮದೇ ಪರಿಸ್ಥಿತಿಯ ಒಂದು ಅಧ್ಯಯನ ಹೇಳುತ್ತೇನೆ. 1995ರಲ್ಲಿ ಅಮೆರಿಕದ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಜೊತೆಯವರು 26 ಹೆಂಗಸರ ಕೈಯ ಮೇಲೆ 3.5 ಮಿಲಿಮೀಟರ್ ಅಗಲದ ಒಂದು ಪುಟ್ಟ ಗಾಯ ಮಾಡಿದರು. ಎಲ್ಲರಿಗೂ ಒಂದೇ ಅಳತೆಯ ಗಾಯ. ಅವರಲ್ಲಿ 13 ಮಂದಿ ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದವರು. ಉಳಿದ 13 ಮಂದಿಗೆ ಆ ಹೊರೆ ಇರಲಿಲ್ಲ, ವಯಸ್ಸು ಮಾತ್ರ ಸುಮಾರು ಅಷ್ಟೇ. ಹೊರೆ ಇಲ್ಲದವರ ಗಾಯ ಸರಾಸರಿ 39 ದಿನಕ್ಕೆ ಮಾಯಿತು. ನೋಡಿಕೊಳ್ಳುತ್ತಿದ್ದವರಿಗೆ ಸುಮಾರು 49 ದಿನ ಹಿಡಿಯಿತು. ಚರ್ಮ ಕಲ್ಪನೆ ಮಾಡಿಕೊಳ್ಳುವುದಿಲ್ಲ ಅಲ್ವಾ? ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಒಳಗೆ ನಡೆಯುವುದು ಇದು. ಅಪಾಯ ಅನ್ನಿಸಿದ ತಕ್ಷಣ ದೇಹ ಎರಡು ಕಡೆಯಿಂದ ಗಂಟೆ ಬಾರಿಸುತ್ತದೆ. ಮೊದಲನೆಯದು ನರಗಳ ದಾರಿ. ಸೆಕೆಂಡುಗಳಲ್ಲಿ ಅಡ್ರಿನಲಿನ್ ಹರಿದು ಎದೆ ಬಡಿತ ಏರುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣದ ಕೆಲಸ ಹಿಂದೆ ಸರಿಯುತ್ತದೆ. ಎರಡನೆಯದು ಹಾರ್ಮೋನಿನ ದಾರಿ, ಸ್ವಲ್ಪ ನಿಧಾನ. ಮೆದುಳಿನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಹೋಗಿ, ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇವೆರಡೂ ನಿಮ್ಮ ಜೀವ ಉಳಿಸುತ್ತವೆ. ನಾಯಿ ಹೋದ ಮೇಲೆ ಗಂಟೆ ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ನಾಯಿ ಹೋಗುವುದೇ ಇಲ್ಲ. ಅಮ್ಮ ರಾತ್ರಿ ಎದ್ದು ಬಾಗಿಲು ತೆಗೆದಾರು ಅಂತ ನಿದ್ದೆಯಲ್ಲೂ ಒಂದು ಕಿವಿ ಎದ್ದೇ ಇರುತ್ತದೆ. ಕತ್ತಿನ ಸ್ನಾಯು ಎರಡು ವರ್ಷದಿಂದ ಕೈಬಿಡದೆ ಬಿಗಿದು ಕೂತಿದೆ. ಎದೆಯ ಬಿಗಿತಕ್ಕೂ ಪಕ್ಕೆಲುಬಿನ ನಡುವಿನ ಸ್ನಾಯುಗಳು ಮತ್ತು ಅರ್ಧ ಉಸಿರು ಕಾರಣ ಇರಬಹುದು. ಒತ್ತಡದಲ್ಲಿ ಹೊಟ್ಟೆಯ ನರಗಳು ಜಾಸ್ತಿ ಸೂಕ್ಷ್ಮವಾಗುತ್ತವೆ, ಹಾಗಾಗಿ ಸ್ವಲ್ಪ ಆಮ್ಲವೂ ಬೆಂಕಿ ಅನ್ನಿಸುತ್ತದೆ. ಇನ್ನು ಮೂರು ಗಂಟೆಯ ಎಚ್ಚರ. ರಾತ್ರಿಯ ಕೊನೆಯ ಭಾಗದಲ್ಲಿ ಎಲ್ಲರಿಗೂ ನಿದ್ದೆ ತೆಳುವಾಗುತ್ತದೆ, ಕಾರ್ಟಿಸಾಲ್ ತಾನಾಗಿಯೇ ಏರತೊಡಗುತ್ತದೆ. ನೆಮ್ಮದಿ ಇದ್ದವರು ಮಗ್ಗುಲು ಬದಲಿಸಿ ಮಲಗುತ್ತಾರೆ. ನೀವು ಎದ್ದು ನಾಳೆಯ ಲೆಕ್ಕ ಹಾಕುತ್ತೀರಿ.

ಇವು ಯಾವುವೂ ಇಸಿಜಿಯಲ್ಲಿ ಕಾಣುವುದಿಲ್ಲ. ಹಾಗಂತ ಪರೀಕ್ಷೆ ಮಾಡಿಸಿದ್ದು ದಂಡ ಅಲ್ಲ, ಮೊದಲು ಅದೇ ಆಗಬೇಕಿತ್ತು. ಒಂದು ಮಾತು ಮಾತ್ರ ನೆನಪಿರಲಿ. ಎದೆಯ ನೋವು ಹತ್ತು ಮೆಟ್ಟಿಲು ಹತ್ತಿದಾಗ ಬಂದು, ಕೂತಾಗ ಹೋಗುವ ಹಾಗೆ ಬದಲಾದರೆ, ಇಲ್ಲವೇ ಕೈಗೆ, ದವಡೆಗೆ ಹಬ್ಬಿದರೆ, ಬೆವರು, ಉಸಿರುಕಟ್ಟು ಜೊತೆಗಿದ್ದರೆ ‘ನನ್ನದು ಟೆನ್ಷನ್’ ಅಂತ ಮನೆಯಲ್ಲಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬ ಸದಸ್ಯರು

ಮೇಡಂ, ಅಡ್ಡ ಪ್ರಶ್ನೆಗೆ ಕ್ಷಮೆ ಇರಲಿ. ಅಲ್ಸರ್ ಟೆನ್ಷನ್‌ನಿಂದ ಬರುತ್ತದೆ ಅಂತ ನಮ್ಮ ಅಪ್ಪನಿಗೆ ವರ್ಷಗಟ್ಟಲೆ ಹೇಳಿದರು. ಕೊನೆಗೆ ನೋಡಿದರೆ ಬ್ಯಾಕ್ಟೀರಿಯಾ. ಎರಡು ವಾರದ ಆ್ಯಂಟಿಬಯೋಟಿಕ್‌ನಲ್ಲಿ ವಾಸಿ. ಕಾರಣ ಗೊತ್ತಿಲ್ಲದಿದ್ದಾಗ ಡಾಕ್ಟರುಗಳು ಹಾಕುವ ಹಣೆಪಟ್ಟಿಯೇ ‘ಒತ್ತಡ’ ಅಲ್ಲವೇ?

ಉತ್ತರ

ಅಡ್ಡ ಪ್ರಶ್ನೆ ಅಲ್ಲ, ನೇರ ಪ್ರಶ್ನೆಯೇ. ಆ ಪೆಟ್ಟು ನಮ್ಮ ಕ್ಷೇತ್ರಕ್ಕೆ ಬೀಳಬೇಕಿತ್ತು, ಬಿತ್ತು.

1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ಚಳಿ, ಗಾಯ, ಅತಿಯಾದ ದಣಿವು, ವಿಷ ಹೀಗೆ ಬೇರೆ ಬೇರೆ ಕಷ್ಟ ಕೊಟ್ಟು ನೋಡಿದರು. ಕಷ್ಟ ಯಾವುದಾದರೂ ಒಳಗಿನ ಚಿತ್ರ ಒಂದೇ. ಅಡ್ರಿನಲ್ ಗ್ರಂಥಿ ಊದಿತ್ತು, ರೋಗನಿರೋಧಕ ಕಣಗಳನ್ನು ಬೆಳೆಸುವ ಥೈಮಸ್ ಗ್ರಂಥಿ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣು. ಅಲ್ಲಿಂದ ‘ಅಲ್ಸರ್ ಅಂದರೆ ಟೆನ್ಷನ್’ ಅನ್ನುವ ನಂಬಿಕೆ ಬಲವಾಗಿ ಬೇರೂರಿತು. ಆಮೇಲೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಬಂದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಹುಣ್ಣಿಗೆ ಕಾರಣ ಅಂದಾಗ ಯಾರೂ ನಂಬಲಿಲ್ಲ. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಿಮ್ಮ ಅಪ್ಪನಂಥವರು ಗುಣವಾಗಿದ್ದು ಅವರ ಹಟದಿಂದ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿರುವ ಬಹುಪಾಲು ಜನರಿಗೆ ಅಲ್ಸರ್ ಆಗುವುದೇ ಇಲ್ಲ. ಯಾರಿಗೆ ಆಗುತ್ತದೆ ಅನ್ನುವುದಕ್ಕೆ ನೋವಿನ ಮಾತ್ರೆ, ಸಿಗರೇಟು ಇತ್ಯಾದಿ ಸೇರಿಕೊಳ್ಳುತ್ತವೆ, ಒತ್ತಡವೂ ಒಂದು ಕೈ ಹಾಕುತ್ತದೆ. ನೆಗಡಿಯೂ ಹೀಗೆಯೇ. 1991ರಲ್ಲಿ ಶೆಲ್ಡನ್ ಕೋಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ವೈರಸ್ ಇರುವ ಹನಿ ಹಾಕಿತು. ಹೆಚ್ಚು ಒತ್ತಡದಲ್ಲಿದ್ದವರಿಗೆ ಸೋಂಕು ಹತ್ತುವುದೂ ಹೆಚ್ಚಾಗಿತ್ತು. ನೆಗಡಿ ತಂದದ್ದು ವೈರಸ್ಸೇ. ಒತ್ತಡ ಬಾಗಿಲಿನ ಅಗುಳಿ ಸಡಿಲ ಮಾಡಿತ್ತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಪ್ರಯೋಗ. 1970ರ ಆಸುಪಾಸು ಜೇ ವೈಸ್ ಎನ್ನುವವರು ಎರಡು ಇಲಿಗಳ ಬಾಲಕ್ಕೆ ಒಂದೇ ತಂತಿಯಿಂದ ಶಾಕ್ ಕೊಟ್ಟರು. ಮೊದಲನೆಯ ಇಲಿಯ ಮುಂದೆ ಒಂದು ಚಕ್ರ. ಅದನ್ನು ತಿರುಗಿಸಿದರೆ ಇಬ್ಬರಿಗೂ ಶಾಕ್ ನಿಲ್ಲುತ್ತದೆ. ಎರಡನೆಯದರ ಚಕ್ರಕ್ಕೆ ಏನೂ ಜೋಡಿಸಿಲ್ಲ, ತಿರುಗಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಇಬ್ಬರಿಗೂ ಬಿದ್ದ ಶಾಕ್ ಒಂದೇ ಪ್ರಮಾಣ. ಆದರೆ ಹೊಟ್ಟೆಯ ಹುಣ್ಣು ಜಾಸ್ತಿ ಆಗಿದ್ದು ಕೈಯಲ್ಲಿ ಏನೂ ಇಲ್ಲದ ಎರಡನೆಯ ಇಲಿಗೆ.

ಮನುಷ್ಯರ ವಿಷಯಕ್ಕೆ ಬಂದರೆ, ದೊಡ್ಡ ಸಾಹೇಬರಿಗೇ ಟೆನ್ಷನ್ ಜಾಸ್ತಿ, ಹಾರ್ಟ್ ಅಟ್ಯಾಕ್ ಅವರಿಗೇ ಅಂತ ಎಲ್ಲರೂ ಅಂದುಕೊಂಡಿದ್ದರು. 1967ರಲ್ಲಿ ಶುರುವಾದ ಬ್ರಿಟನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನದಲ್ಲಿ ತಿರುಗುಮುರುಗಾಯಿತು. ಮೇಲಿನ ಹುದ್ದೆಯವರಿಗೆ ಹೋಲಿಸಿದರೆ ಎಲ್ಲರಿಗಿಂತ ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸತ್ತದ್ದು ಮೂರು ಪಟ್ಟಿಗೂ ಹೆಚ್ಚು. ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ವ್ಯತ್ಯಾಸ ಪೂರ್ತಿ ಕರಗಲಿಲ್ಲ. ಕೆಲಸದ ಮೇಲೆ ಹಿಡಿತ ಇಲ್ಲದಿರುವುದೂ ಒಂದು ಕಾರಣ ಅಂತ ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು.

ಮತ್ತೊಬ್ಬರು

ನನ್ನದು ಉಲ್ಟಾ ಕೇಸು. ಕೆಲಸ ಇರುವಾಗ ಗಟ್ಟಿಯಾಗಿರುತ್ತೇನೆ. ರಜೆ ಹಾಕಿದ ಮೊದಲ ದಿನವೇ ಮೈಗ್ರೇನ್. ಹಣೆಬರಹವಾ?

ಉತ್ತರ

ಇದು ತುಂಬಾ ಜನರ ಅನುಭವ. ಒತ್ತಡ ಏರಿದಾಗ ಅಲ್ಲ, ದಿಢೀರನೆ ಇಳಿದ ಮೇಲೆ ಮೈಗ್ರೇನ್ ಬರುವುದು ಅಧ್ಯಯನಗಳಲ್ಲೂ ದಾಖಲಾಗಿದೆ. ಅದರ ಜೊತೆಗೆ ರಜೆಯ ದಿನ ಎರಡು ಗಂಟೆ ಜಾಸ್ತಿ ಮಲಗುತ್ತೀರಿ, ಬೆಳಗಿನ ಕಾಫಿಯೂ ತಡವಾಗುತ್ತದೆ. ಮೂರೂ ಸೇರಿ ತಲೆ ಹಿಡಿಯುತ್ತದೆ. ರಜೆಯ ದಿನವೂ ಏಳುವ ಹೊತ್ತು, ಕಾಫಿಯ ಹೊತ್ತು ಬದಲಿಸದೆ ನೋಡಿ.

ಮತ್ತೊಬ್ಬ ಸದಸ್ಯೆ

ಅಕ್ಕಾ, ನೀವು ಪಾಸಿಟಿವ್ ಆಗಿ ಯೋಚನೆ ಮಾಡಿ. ಎಲ್ಲ ನಮ್ಮ ಮನಸ್ಸಿನಲ್ಲೇ ಇರುವುದು.

ಉತ್ತರ

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ದಣಿದವರಿಗೆ ಈ ಮಾತು ಇನ್ನೊಂದು ಕೆಲಸದ ಹಾಗೆ ಕೇಳಿಸುತ್ತದೆ. ಇಷ್ಟು ಹೊತ್ತು ಅಮ್ಮನನ್ನು ನೋಡಿಕೊಂಡಾಯಿತು, ಇನ್ನು ನಗುನಗುತ್ತಾ ಯೋಚಿಸುವುದು ಬಾಕಿ!

ಮನಃಶಾಸ್ತ್ರಜ್ಞರಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಕೊಟ್ಟ ವಿಂಗಡಣೆ ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಏನಾದರೂ ಎದುರಾದಾಗ ಮನಸ್ಸು ಎರಡು ಪ್ರಶ್ನೆ ಕೇಳುತ್ತದೆ. ಇದರಿಂದ ನನಗೆ ತೊಂದರೆ ಇದೆಯಾ? ಇದ್ದರೆ ನನ್ನ ಕೈಯಲ್ಲಿ ಏನಾದರೂ ಆಗುತ್ತದಾ? ಆಗುವುದಾದರೆ ಸಮಸ್ಯೆಗೇ ಕೈ ಹಾಕಬೇಕು. ಆಗದಿದ್ದರೆ ಅದು ಎಬ್ಬಿಸುವ ದುಃಖ, ಸಿಟ್ಟು, ಭಯವನ್ನು ನೋಡಿಕೊಳ್ಳಬೇಕು. ನಾವು ಎಡವುವುದು ಅದಲುಬದಲು ಮಾಡಿದಾಗ. ತಮ್ಮನ ಹತ್ತಿರ ಜಗಳ ಆಡಿ ಬಗೆಹರಿಸಬೇಕಾದ್ದನ್ನು ಧ್ಯಾನ ಮಾಡಿ ನುಂಗುತ್ತೇವೆ. ವಾಸಿಯಾಗದ ಕಾಯಿಲೆಗೆ ರಾತ್ರಿಯಿಡೀ ಮೊಬೈಲಿನಲ್ಲಿ ಔಷಧಿ ಹುಡುಕುತ್ತೇವೆ.

ಪ್ರಶ್ನೆ ಕೇಳಿದವರೇ, ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ನಿಮ್ಮನ್ನು ಹಿಂಡುತ್ತಿರುವುದನ್ನೆಲ್ಲ ಬರೆಯಿರಿ, ಕೈಯಲ್ಲಿ ಆಗುವುದು ಎಡಕ್ಕೆ, ಆಗದ್ದು ಬಲಕ್ಕೆ. ‘ಅಮ್ಮನ ಕಾಯಿಲೆ’ ಅಂತ ದೊಡ್ಡದಾಗಿ ಬರೆಯಬೇಡಿ, ಬಿಡಿಬಿಡಿಯಾಗಿ ಬರೆಯಿರಿ. ಬರೆದದ್ದನ್ನು ಇಲ್ಲಿ ಹಾಕಿದರೂ ಸರಿ.

ಒಬ್ಬರು

ನಾನು ಸಿಗರೇಟ್ ಸೇದಿದರೆ ಐದು ನಿಮಿಷದಲ್ಲಿ ಟೆನ್ಷನ್ ಇಳಿಯುತ್ತದೆ. ಇದು ಸುಳ್ಳು ಅಂತೀರಾ?

ಉತ್ತರ

ಇಳಿಯುವುದು ನಿಜ. ಆದರೆ ಇಳಿಯುವುದು ಬಹುಪಾಲು ಹಿಂದಿನ ಸಿಗರೇಟು ಎಬ್ಬಿಸಿದ ಚಡಪಡಿಕೆ. ನಿಕೋಟಿನ್ ಎದೆ ಬಡಿತವನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಬಿಟ್ಟವರಿಗೆ ಮೊದಲ ಕೆಲವು ವಾರ ಕಷ್ಟ, ಆಮೇಲೆ ಆತಂಕ ಮೊದಲಿಗಿಂತ ಕಡಿಮೆ. ಕುಡಿತದ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧ ಚೂರುಚೂರು.

ಪ್ರಶ್ನೆ ಕೇಳಿದವರು

ಮೇಡಂ, ಹಾಳೆ ಬರೆದೆ. 14 ಸಾಲು ಆಯಿತು. ಬಲಕ್ಕೆ ಹತ್ತಾದರೂ ಹೋಗುತ್ತವೆ ಅಂದುಕೊಂಡಿದ್ದೆ, ಹೋದದ್ದು ಐದು. ಅಮ್ಮ ನನ್ನನ್ನು ‘ನೀನು ಯಾರಮ್ಮ’ ಅಂತ ಕೇಳುವುದು. ಒಂದೇ ಪ್ರಶ್ನೆ ನೂರು ಸಲ ಕೇಳುವುದು. ಹೀಗೆ. ಎಡಕ್ಕೆ ಬಂದವು ನೋಡಿದರೆ ನಾಚಿಕೆಯಾಗುತ್ತದೆ: ಮಾತ್ರೆ ಮುಗಿದದ್ದು ರಾತ್ರಿ ಒಂಬತ್ತಕ್ಕೆ ಗೊತ್ತಾಗುವುದು. ಮುಂಬಾಗಿಲ ಚಿಲಕ ಅಮ್ಮನ ಕೈಗೆ ಎಟುಕುವುದು. ತಮ್ಮ ತಿಂಗಳಿಗೊಮ್ಮೆ ಬಂದು, ಊಟ ಮಾಡಿ, ಸಲಹೆ ಕೊಟ್ಟು ಹೋಗುವುದು. ಅವನಿಗೆ ನಾನು ಒಂದು ದಿನವೂ ‘ನೀನು ನೋಡಿಕೋ’ ಅಂತ ಬಾಯಿಬಿಟ್ಟು ಹೇಳಿಲ್ಲ.

ಉತ್ತರ

ನಾಚಿಕೆ ಯಾಕೆ? ಚಿಲಕದಿಂದ ಶುರು ಮಾಡಿ. ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಅದೇ. ಬಾಗಿಲು ತೆರೆದರೆ ಗಂಟೆ ಬಾರಿಸುವ ಒಂದು ಪುಟ್ಟ ಅಲಾರಂ ಹಾಕಿಸಿ, ಕಿವಿಯ ಕೆಲಸ ಅದು ಮಾಡಲಿ. ಬೀಗ ಹಾಕಿ ಒಳಗೆ ಕೂಡಿಬಿಡುವುದು ಬೇಡ, ಬೆಂಕಿಗಿಂಕಿ ಅಂದರೆ ಅಪಾಯ. ತಮ್ಮನಿಗೆ ‘ಸ್ವಲ್ಪ ಸಹಾಯ ಮಾಡೋ’ ಅನ್ನಬೇಡಿ, ಅದಕ್ಕೆ ಎಲ್ಲರೂ ಹೂಂ ಅಂತಾರೆ. ‘ಪ್ರತಿ ಶನಿವಾರ ರಾತ್ರಿ ಎಂಟರಿಂದ ಭಾನುವಾರ ಬೆಳಗ್ಗೆ ಎಂಟರವರೆಗೆ ಅಮ್ಮ ನಿನ್ನ ಜವಾಬ್ದಾರಿ’ ಅನ್ನಿ.

ಬಲಗಡೆಯ ಐದಕ್ಕೆ ಅಳು ಬಂದರೆ ಅಳಿ. ಎದುರಿಗೇ ಇರುವ ಅಮ್ಮನನ್ನು ಕಳೆದುಕೊಳ್ಳುತ್ತಿದ್ದೀರಿ, ಅದಕ್ಕೆ ದುಃಖ ಆಗಲೇಬೇಕು.

ದೇಹಕ್ಕೆ ಎರಡೇ ಕೆಲಸ. ಒಂದು, ನಡಿಗೆ. ದಿನಕ್ಕೆ ಹತ್ತು ನಿಮಿಷ ಸಿಕ್ಕರೂ ಸಾಕು, ಅಮ್ಮನ ಕೈ ಹಿಡಿದುಕೊಂಡೇ ಆದರೂ ಆದೀತು. ಎರಡು, ಉಸಿರು. ಉಸಿರು ಬಿಡುವಾಗ ಹೃದಯ ತುಸು ನಿಧಾನವಾಗುತ್ತದೆ, ಅದು ದೇಹದ ಸ್ವಭಾವ. ಹಾಗಾಗಿ ನಾಲ್ಕು ಎಣಿಸುತ್ತಾ ಎಳೆದುಕೊಂಡು, ಆರು ಎಣಿಸುತ್ತಾ ಬಿಡಿ. ಭುಜ ಮೇಲೆ ಹೋಗಬಾರದು, ಹೊಟ್ಟೆ ಉಬ್ಬಬೇಕು. ತಲೆ ತಿರುಗಿದರೆ ಜೋರಾಗಿ ಎಳೆಯುತ್ತಿದ್ದೀರಿ ಅಂತ ಅರ್ಥ, ಮೆಲ್ಲಗೆ ಮಾಡಿ. ರಾತ್ರಿ ಎಚ್ಚರವಾದರೆ ಗಡಿಯಾರ ನೋಡಬೇಡಿ. ಹೊರಳಾಡಿ ಸಾಕಾದರೆ ಎದ್ದು ಮಂದ ಬೆಳಕಿನಲ್ಲಿ ಬೇರೆ ಕಡೆ ಕೂತು, ನಿದ್ದೆ ತೂಗಿದಾಗ ಹಾಸಿಗೆಗೆ ಬನ್ನಿ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ)

ಅಲಾರಂ ಬಂತು. ತಮ್ಮ ಮೊದಲು ಮುಖ ಊದಿಸಿದ, ಆಮೇಲೆ ಎರಡು ಶನಿವಾರ ಬಂದ. ಎರಡನೇ ವಾರ ಬೆಳಗ್ಗೆ ಅವನ ಮುಖ ನೋಡಬೇಕಿತ್ತು. ‘ಅಕ್ಕಾ, ದಿನಾ ಹೀಗೇನಾ?’ ಅಂದ. ಹೊಟ್ಟೆ ಉರಿ ಕಡಿಮೆ. ಆದರೆ ಅವನಿರುವ ರಾತ್ರಿಯೂ ನನಗೆ ಮೂರಕ್ಕೆ ಎಚ್ಚರವಾಗುತ್ತದೆ, ಕಿವಿ ಅಮ್ಮನ ಕೋಣೆಯ ಕಡೆಗೇ. ಇಷ್ಟೆಲ್ಲ ಮಾಡಿಯೂ ಯಾಕೆ ಹೀಗೆ?

ಉತ್ತರ

ಎರಡು ವರ್ಷ ಕಾವಲು ಕಾದ ದೇಹ ಎರಡು ಶನಿವಾರಕ್ಕೆ ಡ್ಯೂಟಿ ಬಿಡುವುದಿಲ್ಲ. ಆ ರಾತ್ರಿ ಅಮ್ಮನ ಕೋಣೆಯಿಂದ ದೂರದ ಕೋಣೆಯಲ್ಲಿ ಮಲಗಿ, ಆಗುವುದಾದರೆ ಗೆಳತಿಯ ಮನೆಗೇ ಹೋಗಿ. ಅಲಾರಂ ತಮ್ಮನ ತಲೆದಿಂಬಿನ ಹತ್ತಿರ ಇರಲಿ. ಇನ್ನೊಂದು ತಿಂಗಳಲ್ಲಿ ನಿದ್ದೆ ಸುಧಾರಿಸದಿದ್ದರೆ, ಅಥವಾ ಯಾವುದರಲ್ಲೂ ಆಸೆಯೇ ಇಲ್ಲ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ, ಬಂದ ದಿನವೇ, ಎದುರು ಕೂತು ಮಾತಾಡುವ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ. ನಿದ್ದೆಗೇ ಅಂತ ಮಾತ್ರೆ ಇಲ್ಲದ ಚಿಕಿತ್ಸೆ ಇದೆ, ಸಿಬಿಟಿ-ಐ ಅಂತ ಕೇಳಿ.

ಮೂರನೇ ಶನಿವಾರಕ್ಕೆ ತಮ್ಮ ನೆಪ ಹೇಳಬಹುದು. ಅವನಿಗೆ ಇವತ್ತೇ ಫೋನ್ ಮಾಡಿ.