ಕೊಕ್ಕರೆ ರೋಗದ ಲ್ಯಾಬ್ ವರದಿ ಬಂದಿದೆ: ಸತ್ತ ಕೋಳಿಗಳಲ್ಲಿ ಸಿಕ್ಕಿದ್ದು ಲಸಿಕೆಯ ವೈರಸ್ಸಾ, ಹೊರಗಿನದ್ದಾ?

ಗಂಗಾವಳಿ ಹಿತ್ತಲು (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಪಶು ಸಖಿ, ಅಂದರೆ ಊರಿನ ದನ, ಕೋಳಿಗಳ ಆರೈಕೆಗೆ ನೆರವಾಗುವ ಕಾರ್ಯಕರ್ತೆ. ಗಂಗಾವಳಿ ದಡದ ಒಂದು ಸಣ್ಣ ಕೇರಿ ನಮ್ಮದು. ಮಳೆ ಹಿಡಿಯುವ ಮೊದಲು ಊರ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸೋಣ ಎಂದು ಒಂಬತ್ತು ಮನೆಯವರನ್ನು ಒಪ್ಪಿಸಿದ್ದೆ. ಸುಲಭಕ್ಕೆ ಒಪ್ಪಿದವರಲ್ಲ. ಸೀಸೆ ನೂರು ಡೋಸಿನದು. ಪುಡಿಗೆ ನೀರು ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಒಬ್ಬರ ಮನೆಯ ಹತ್ತು ಕೋಳಿಗೆ ಅಂತ ಒಡೆಯುವ ಹಾಗಿಲ್ಲ. ಹಾಗಾಗಿ ಎಲ್ಲರೂ ಒಂದೇ ದಿನ ಬೆಳಿಗ್ಗೆ ಕೋಳಿ ಬಿಡದೆ ಕಾಯಬೇಕು. ಅದಕ್ಕೇ ಎರಡು ತಿಂಗಳು ಮನೆ ಮನೆ ಅಲೆದಿದ್ದೆ.

ಡಾಕ್ಟ್ರು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಸೀಸೆ ಐಸ್ ಡಬ್ಬಿಯಲ್ಲಿ ಇತ್ತು. ಎಂಟು ವಾರ ದಾಟಿದ 92 ಕೋಳಿಗೆ ರೆಕ್ಕೆಯ ಚರ್ಮದಡಿ ಅರ್ಧ ಎಂ.ಎಲ್. ಹಾಕಿದೆ. ಆರ್‌2ಬಿ ಲಸಿಕೆ, ಜೋರು ಇಳಿಸಿದ ಜೀವಂತ ವೈರಸ್ಸಿನದು.

ಮೂರನೇ ದಿನ ಪಕ್ಕದ ಮನೆಯ ಹೇಂಟೆ ಒಂದು ತೂಕಡಿಸುತ್ತಾ ಕೂತಿತು. ಸಂಜೆಗೆ ಹಸಿರು ಭೇದಿ. ಆಮೇಲೆ ಹತ್ತು ದಿನದಲ್ಲಿ ಮೂರು ಮನೆಯಲ್ಲಿ 31 ಕೋಳಿ ಹೋದವು. ಅದರಲ್ಲಿ 11 ನಮ್ಮವೇ. ನಮ್ಮ ಚುಕ್ಕಿ ಹೇಂಟೆ ಕೊನೆಯದು. ಅದರ ಕತ್ತು ತಿರುಚಿ ಮುಖ ಮೇಲಾಗಿತ್ತು. ಅಕ್ಕಿ ಹಾಕಿದರೆ ಕಾಳು ಕಾಣುತ್ತಿತ್ತು, ಕುಕ್ಕಲು ಹೋಗುತ್ತಿತ್ತು. ಕೊಕ್ಕು ಮಾತ್ರ ನಾಲ್ಕು ಬೆರಳು ಆಚೆ ಬರೀ ನೆಲಕ್ಕೆ ಬೀಳುತ್ತಿತ್ತು. ಮತ್ತೆ ಕುಕ್ಕುತ್ತಿತ್ತು, ಮತ್ತೆ ನೆಲ. ನಾನೇ ಬೊಗಸೆಯಲ್ಲಿ ಹಿಡಿದು ಗಂಜಿ ನೀರು ಬಿಟ್ಟೆ. ಎರಡು ದಿನ ಬದುಕಿತು.

ಈಗ ಕೇರಿಯಲ್ಲಿ ಒಂದೇ ಮಾತು, ‘ಸೂಜಿ ಚುಚ್ಚಿದ್ದಕ್ಕೇ ಸತ್ತವು’ ಅಂತ. ನನ್ನ ಅತ್ತೆ ಏನೂ ಅನ್ನುವುದಿಲ್ಲ. ಆದರೆ ಉಳಿದ ಕೋಳಿಗಳನ್ನು ನಾನು ಮುಟ್ಟಲು ಹೋದರೆ ತಾವೇ ಹಿಡಿದುಕೊಳ್ಳುತ್ತಾರೆ.

ಡಾಕ್ಟ್ರು ಎರಡು ಮನೆಯ ಕೋಳಿಗಳ ಸ್ಯಾಂಪಲ್ ಲ್ಯಾಬಿಗೆ ಕಳಿಸಿದ್ದರು. ವರದಿ ಇಂಗ್ಲಿಷಿನಲ್ಲಿದೆ. ನನಗೆ ಮುಖ್ಯ ಅನ್ನಿಸಿದ್ದು ಇಷ್ಟು: ನ್ಯೂಕ್ಯಾಸಲ್ ವೈರಸ್ (ಕೊಕ್ಕರೆ ರೋಗದ್ದೇ) ಇದೆ. ಎಫ್ ಜೀನ್ ಪೂರ್ತಿ ಓದಿದ್ದಾರೆ, 1662 ಅಕ್ಷರ. 112ರಿಂದ 117ನೇ ಜಾಗದಲ್ಲಿ ‘ಆರ್ ಆರ್ ಕ್ಯೂ ಕೆ ಆರ್ ಎಫ್’. ಜೀನೋಟೈಪ್ 13. ಎರಡೂ ಮನೆಯ ವೈರಸ್ ಒಂದೇ.

ಡಾಕ್ಟ್ರು ‘ಇದು ಹೊರಗಿನ ವೈರಸ್, ನಿನ್ನ ತಪ್ಪಿಲ್ಲ’ ಎಂದರು. ನಂಬುತ್ತೇನೆ. ಆದರೆ ಕೇರಿಯಲ್ಲಿ ನಿಂತು ಹೇಳಬೇಕಾದವಳು ನಾನು. ಆ ಅಕ್ಷರ ನೋಡಿ ಅದು ಹೇಗೆ ಗೊತ್ತಾಗುತ್ತದೆ? ನನಗೆ ಅರ್ಥವಾಗದೆ ಇನ್ನೊಬ್ಬರಿಗೆ ಹೇಗೆ ಹೇಳಲಿ?

—

ಬೀದರ್ ಹಾಸ್ಟೆಲ್ (ಊರು ಕುಮಟಾ, ಪಶುವೈದ್ಯಕೀಯ ಓದುತ್ತಿದ್ದೇನೆ)

ಅಕ್ಕಾ, ನಿಮ್ಮ ಚುಕ್ಕಿಯ ಕತ್ತು ಯಾಕೆ ತಿರುಚಿತು ಅನ್ನುವುದು ಆ ಆರು ಅಕ್ಷರದಲ್ಲಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ವೈರಸ್ಸಿನ ಮೈಮೇಲೆ ಎಫ್ ಅನ್ನುವ ಒಂದು ಪ್ರೋಟೀನ್ ಇದೆ. ಕೋಳಿಯ ಜೀವಕೋಶದ ಒಳಗೆ ನುಗ್ಗಲು ಅದು ಬೇಕು. ಆದರೆ ಅದು ಹುಟ್ಟುವಾಗ ಒಂದೇ ತುಂಡಾಗಿ ಹುಟ್ಟುತ್ತದೆ. ಎರಡು ತುಂಡಾಗುವವರೆಗೆ ಕೆಲಸಕ್ಕೆ ಬರುವುದಿಲ್ಲ. ಕತ್ತರಿಸುವುದು ಕೋಳಿಯದೇ ಕಿಣ್ವ. ಎಲ್ಲಿ ಕತ್ತರಿ ಬೀಳಬೇಕು ಅನ್ನುವ ಜಾಗವೇ ನಿಮ್ಮ ವರದಿಯ 112ರಿಂದ 117. ಅಲ್ಲಿಯ ಒಂದೊಂದು ಅಕ್ಷರ ಪ್ರೋಟೀನಿನ ಒಂದೊಂದು ಕೊಂಡಿಯ (ಅಮೈನೋ ಆಮ್ಲದ) ಗುರುತು.

ಮರಿಗಳ ಕಣ್ಣಿಗೆ, ಮೂಗಿಗೆ ಹನಿ ಬಿಡುವ ಲಸೋಟಾ ಲಸಿಕೆಯಲ್ಲಿ ಆ ಜಾಗ ‘ಜಿ ಆರ್ ಕ್ಯೂ ಜಿ ಆರ್ ಎಲ್’. ಅದನ್ನು ಕತ್ತರಿಸುವ ಕಿಣ್ವ ಇರುವುದು ಹೆಚ್ಚಾಗಿ ಗಂಟಲು, ಕರುಳಿನಲ್ಲಿ. ಹಾಗಾಗಿ ಆ ವೈರಸ್ ಅಲ್ಲೇ ಸ್ವಲ್ಪ ಬೆಳೆದು ನಿಲ್ಲುತ್ತದೆ. ನಿಮ್ಮ ವರದಿಯಲ್ಲಿ ಆರ್, ಕೆ ಅಕ್ಷರ ಜಾಸ್ತಿ ಇವೆ, ಕೊನೆಯಲ್ಲಿ ಎಫ್ ಇದೆ. ಇಂಥದನ್ನು ಕತ್ತರಿಸುವ ಕಿಣ್ವ ಮೈಯ ಎಲ್ಲಾ ಜೀವಕೋಶದಲ್ಲೂ ಇದೆ. ವೈರಸ್ ಗುಲ್ಮಕ್ಕೂ ಹೋಗುತ್ತದೆ, ಮೆದುಳಿಗೂ ಹೋಗುತ್ತದೆ. ಕಾಳು ಕಂಡರೂ ಕೊಕ್ಕು ತಪ್ಪಿದ್ದು ಅದಕ್ಕೇ.

ಆದರೆ ಅಕ್ಕಾ, ಈ ಆರು ಅಕ್ಷರ ಮಾತ್ರ ತೋರಿಸಿ ‘ಲಸಿಕೆಯದಲ್ಲ’ ಎಂದು ಹೇಳಬೇಡಿ. ಯಾಕೆಂದರೆ ನೀವು ಹಾಕಿದ ಆರ್‌2ಬಿಯಲ್ಲೂ ಆ ಜಾಗ ಹತ್ತಿರ ಹತ್ತಿರ ಹೀಗೇ ಇದೆ: ‘ಆರ್ ಆರ್ ಕ್ಯೂ ಆರ್ ಆರ್ ಎಫ್’. ಅದು ಮಧ್ಯಮ ಜೋರಿನ ವೈರಸ್. ಸಣ್ಣ ಮರಿಗೆ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ. ತಿಳಿದವರು ಯಾರಾದರೂ ‘ಎರಡೂ ಒಂದೇ ಥರ ಇದೆಯಲ್ಲ’ ಅಂದರೆ ನಿಮ್ಮ ಮಾತು ನಿಂತುಹೋಗುತ್ತದೆ.

ನಿಮಗೆ ಬೇಕಾದ ಉತ್ತರ ಮುಂದಿನ ಸಾಲಿನಲ್ಲಿದೆ, ಜೀನೋಟೈಪ್ 13. ನಮ್ಮ ಕಡೆ ಸಂಬಂಧ ನೋಡುವಾಗ ಬಳಿ ಕೇಳುತ್ತಾರಲ್ಲ, ಹಾಗೆ ಇದು ವೈರಸ್ಸಿನ ಬಳಿ. ಲಸೋಟಾ 2ನೇ ಬಳಿಯದು. ಆರ್‌2ಬಿ 3ನೇ ಬಳಿಯದು. ನಿಮ್ಮ ಕೋಳಿಗಳಲ್ಲಿ ಸಿಕ್ಕಿದ್ದು 13. ಇದು ನಮ್ಮ ದೇಶದ ಕೋಳಿಗಳಲ್ಲಿ ಓಡಾಡುತ್ತಿರುವ ವೈರಸ್, ಬೇರೆ ಬೇರೆ ರಾಜ್ಯಗಳಲ್ಲಿ ಸಿಕ್ಕಿದೆ. ಜೀನಿನ ಆ 1662 ಅಕ್ಷರದಲ್ಲಿ 3ಕ್ಕೂ 13ಕ್ಕೂ ನೂರಕ್ಕಿಂತ ಜಾಸ್ತಿ ಕಡೆ ವ್ಯತ್ಯಾಸ ಇರುತ್ತದೆ. ಈ ವೈರಸ್ ಬದಲಾಗುತ್ತದೆ ನಿಜ. ಆದರೆ ಅಷ್ಟುದ್ದದ ಜೀನಿನಲ್ಲಿ ವರ್ಷಕ್ಕೆ ಒಂದೆರಡು ಅಕ್ಷರ ಅನ್ನುವುದು ಅಂದಾಜು. ನಿಮ್ಮ ಸೀಸೆಯ ವೈರಸ್ ಹತ್ತು ದಿನದಲ್ಲಿ 13 ಆಗಲು ಸಾಧ್ಯವೇ ಇಲ್ಲ.

ಎಫ್ ಜೀನ್ ಪೂರ್ತಿ ಓದಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಆ ತುಣುಕು ಮಾತ್ರ ಓದಿ ‘ಜೋರಿನ ವೈರಸ್’ ಎಂದು ಬರೆದು ಕಳಿಸಿದ್ದರೆ ನೀವು ಇನ್ನೂ ಅನುಮಾನದಲ್ಲೇ ಇರುತ್ತಿದ್ದಿರಿ.

—

ಹೊನ್ನಾವರ ಕೋಳಿಮನೆ

ನಾನು ಬ್ರಾಯ್ಲರ್ ಸಾಕುವವನು. ವೈರಸ್ 13, ಲಸಿಕೆ 2 ಅಥವಾ 3 ಅಂದರೆ ಲಸಿಕೆ ಹಳೆಯದಾಯಿತು ಅಂತ ಅಲ್ವಾ? ಹೊಸದು ಹುಡುಕಬೇಕಾ?

—

ನಿವೃತ್ತ ಪಶುವೈದ್ಯ (ಶಿರಸಿ)

ಮೊದಲು ಹೊನ್ನಾವರದವರಿಗೆ. ಬಳಿ ಎಷ್ಟೇ ಇದ್ದರೂ ಈ ರೋಗದ ವೈರಸ್ಸುಗಳದ್ದು ಒಂದೇ ಸೀರೋಟೈಪ್. ಒಂದಕ್ಕೆ ಹುಟ್ಟಿದ ರಕ್ಷಣೆ ಇನ್ನೊಂದನ್ನೂ ತಡೆಯುತ್ತದೆ. ಹಳೆಯ ಲಸಿಕೆ ಸರಿಯಾಗಿ ಹಿಡಿದರೆ ಕೋಳಿ ಸಾಯುವುದಿಲ್ಲ. ಆದರೆ ವೈರಸ್ ಹೊಕ್ಕು ಹಿಕ್ಕೆಯಲ್ಲಿ ಹೊರಗೆ ಬರುವುದನ್ನು ಅದು ಪೂರ್ತಿ ನಿಲ್ಲಿಸುವುದಿಲ್ಲ. ಓಡಾಡುವ ಬಳಿಗೇ ಹೊಂದುವ ಲಸಿಕೆಯಿಂದ ಹಾಗೆ ಹೊರಬೀಳುವುದು ಕಡಿಮೆಯಾಗುತ್ತದೆ. ಲಾಭ ಅಷ್ಟೇ. ಇರುವ ಲಸಿಕೆಯನ್ನು ತಣ್ಣಗಿಟ್ಟು ವೇಳೆಗೆ ಸರಿಯಾಗಿ ಹಾಕುವುದು ಅದಕ್ಕಿಂತ ದೊಡ್ಡ ಲಾಭ.

ಅಂಕೋಲಾದ ತಂಗಿಗೆ: ಆ ಹುಡುಗಿ ಬರೆದಿದ್ದು ಸರಿಯಾಗಿದೆ. ನಾನು ದಿನದ ಲೆಕ್ಕ ಸೇರಿಸುತ್ತೇನೆ. ಲಸಿಕೆ ಹಾಕಿ ರಕ್ಷಣೆ ಬರಲು ಹತ್ತು ಹದಿನಾಲ್ಕು ದಿನ ಬೇಕು. ವೈರಸ್ ಹೊಕ್ಕು ರೋಗ ಕಾಣಲು 2ರಿಂದ 15 ದಿನ, ಸಾಮಾನ್ಯವಾಗಿ ಐದಾರು. ಮೂರನೇ ದಿನಕ್ಕೇ ಕೋಳಿ ಕೂತಿತು ಅಂದರೆ ನೀವು ಸೂಜಿ ಹಿಡಿಯುವ ಮೊದಲೇ ವೈರಸ್ ಕೇರಿಗೆ ಬಂದಿತ್ತು ಎನ್ನುವುದೇ ಹೆಚ್ಚು ಸಂಭವ. ಆ ವಾರ ಹೊರಗಿನಿಂದ ಕೋಳಿ ಯಾವುದಾದರೂ ಬಂದಿತ್ತಾ?

ಇನ್ನೊಂದು ಕೇಳುತ್ತೇನೆ, ಬೇಜಾರಾಗಬೇಡಿ. ಮನೆಯಿಂದ ಮನೆಗೆ ಹೋಗುವಾಗ ಸೂಜಿ ಬದಲಿಸಿದ್ದಿರಾ? ಚಪ್ಪಲಿ, ಕೈ ತೊಳೆದಿದ್ದಿರಾ? ಯಾವ ಮನೆ ಮೊದಲು?

ಹೆಸರಿನ ಬಗ್ಗೆ ಒಂದು ಮಾತು. ಸರ್ಕಾರಿ ಕಾಗದದಲ್ಲಿ ಇದನ್ನು ರಾಣಿಖೇತ್ ರೋಗ ಎಂದೇ ಬರೆಯುತ್ತಿದ್ದೆವು. 1926ರಲ್ಲಿ ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಂಡ ರೋಗ ಸ್ವಲ್ಪ ಕಾಲದಲ್ಲೇ ಕುಮಾವೂನ್ ಬೆಟ್ಟದ ರಾಣಿಖೇತ್‌ನಲ್ಲಿ ಕಾಣಿಸಿತು. ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ, 1940ರ ದಶಕದಲ್ಲಿ, ವೈರಸ್ಸನ್ನು ಮರಿ ಕಟ್ಟಿದ ಮೊಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಜೋರು ಇಳಿಸಿದರು. ನೀವು ಹಾಕಿದ ಆರ್‌2ಬಿ ಅದೇ. ನನ್ನ ಸರ್ವಿಸ್ ಪೂರ್ತಿ ಆ ಸೀಸೆ ಕೈಯಲ್ಲಿ ಹಿಡಿದು ಊರೂರು ತಿರುಗಿದ್ದೇನೆ. ಅದರ ಮೇಲೆ ಸುಳ್ಳು ಅಪವಾದ ಬಂದರೆ ನನಗೂ ನೋವಾಗುತ್ತದೆ.

—

ಗಂಗಾವಳಿ ಹಿತ್ತಲು

ಡಾಕ್ಟ್ರೇ, ಬೇಜಾರಿಲ್ಲ. ಕೇಳಿದ್ದಕ್ಕೆ ನಿಜ ಹೇಳುತ್ತೇನೆ.

ಕೋಳಿ ಬಂದಿತ್ತು. ಘಟ್ಟದ ಮೇಲಿನಿಂದ, ಯಲ್ಲಾಪುರ ಕಡೆಯಿಂದ ಒಬ್ಬರು ಹರಕೆಗೆ ಹುಂಜ ತಂದು ಐದು ದಿನ ಅಂಗಳದಲ್ಲಿ ಕಟ್ಟಿದ್ದರು. ಲಸಿಕೆ ಹಾಕುವ ಎರಡು ದಿನ ಮೊದಲು ಹರಕೆ ತೀರಿತು. ಅದು ಸ್ವಲ್ಪ ಮಂಕಾಗಿತ್ತು, ‘ದಾರಿಯ ಸುಸ್ತು’ ಅಂದುಕೊಂಡಿದ್ದರು. ಮೊದಲು ಕೋಳಿ ಕೂತಿದ್ದು ಅವರ ಮನೆಯಲ್ಲೇ. ಅವರಿಗೆ ಏನೂ ಗೊತ್ತಿರಲಿಲ್ಲ.

ಸೂಜಿ ಪ್ರತಿ ಮನೆಗೂ ಬದಲಿಸಿದ್ದೆ. ಕೈ ತೊಳೆದಿದ್ದು ಎರಡು ಮನೆಯಲ್ಲಿ ಮಾತ್ರ. ಚಪ್ಪಲಿ ತೊಳೆಯಲಿಲ್ಲ. ಆ ಮನೆ ಮೊದಲನೆಯದು, ಆಮೇಲೆ ನಮ್ಮದು, ಆಮೇಲೆ ಅದರಾಚೆಯದು. ಕೋಳಿ ಸತ್ತಿದ್ದು ಇದೇ ಮೂರು ಮನೆಯಲ್ಲಿ.

ಹಾಗಾದರೆ ನನ್ನ ಕಾಲೇ ಹೊತ್ತು ತಂದಿತಾ? ವರದಿಯಲ್ಲಿ ಅದು ಗೊತ್ತಾಗುತ್ತದಾ?

—

ಬೀದರ್ ಹಾಸ್ಟೆಲ್

ಗೊತ್ತಾಗುವುದಿಲ್ಲ ಅಕ್ಕಾ. ಎರಡು ಮನೆಯ ವೈರಸ್ ಒಂದೇ ಅಂದರೆ ಒಂದೇ ಮೂಲದಿಂದ ಬಂದಿದ್ದು ಎಂದಷ್ಟೇ ಅರ್ಥ. ಬೇಲಿ ದಾಟಿ ಹೋದ ಕೋಳಿ ತಂದಿತಾ, ಚಪ್ಪಲಿ ತಂದಿತಾ, ನಾಯಿ ಎಳೆದುಕೊಂಡು ಹೋದ ಸತ್ತ ಕೋಳಿಯಿಂದ ಬಂತಾ ಅನ್ನುವುದು ಆ ಅಕ್ಷರಗಳಲ್ಲಿ ಬರೆದಿರುವುದಿಲ್ಲ. ಇಷ್ಟು ಕಡಿಮೆ ದಿನದಲ್ಲಿ ವೈರಸ್ ಗುರುತು ಬಿಡುವಷ್ಟು ಬದಲಾಗುವುದೇ ಇಲ್ಲ.

—

ನಿವೃತ್ತ ಪಶುವೈದ್ಯ (ಶಿರಸಿ)

ತಂಗಿ, ಆಗಿರಬಹುದು, ಆಗದೆಯೂ ಇರಬಹುದು. ನಿಮ್ಮ ಮೂರು ಮನೆಯ ಕೋಳಿ ಒಂದೇ ಅಂಗಳದಲ್ಲಿ ಕೆದಕುವವು ಅಲ್ವಾ? ದಾರಿ ಅಲ್ಲೇ ಇದೆ. ಆದರೆ ಮುಂದಿನ ಸಲ ಹೀಗೆ ಮಾಡಿ. ಮೊದಲು ಎಲ್ಲಾ ಮನೆಗೂ ಹೋಗಿ, ಹೊರಗೇ ನಿಂತು, ‘ಕೋಳಿ ಚೆನ್ನಾಗಿವೆಯಾ, ಹೊಸದು ಬಂದಿದೆಯಾ’ ಎಂದು ಕೇಳಿ. ಒಂದು ಮಂಕಾಗಿದ್ದರೂ ಆ ಮನೆ ಆ ದಿನ ಬಿಟ್ಟುಬಿಡಿ. ಪ್ರತಿ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ ಇಡಿಸಿ. ಮೊದಲು ಸೋಪು ಹಾಕಿ ಮಣ್ಣು ಉಜ್ಜಿ ತೆಗೆಯಿರಿ, ಆಮೇಲೆ ಚಪ್ಪಲಿ ಅದ್ದಿ. ಹೊರಗಿನ ಕೋಳಿ ಬಂದರೆ ಎರಡು ಮೂರು ವಾರ ಬೇರೆ ಕಟ್ಟಬೇಕು, ಹರಕೆಯದಾದರೂ ಅಷ್ಟೇ. ಮರಿಗಳಿಗೆ ಮೊದಲ ವಾರ ಲಸೋಟಾ ಹನಿ ಹಾಕಿ, ಎಂಟು ವಾರ ದಾಟಿದ ಮೇಲೆ ಆರ್‌2ಬಿ. ಮೊದಲು ಹನಿ ಬಿದ್ದ ಕೋಳಿ ಆರ್‌2ಬಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಒಮ್ಮೆಗೇ ತುಂಬಾ ಕೋಳಿ ಸತ್ತರೆ ಮನೆಯಲ್ಲಿ ಕೊಯ್ದು ನೋಡಬೇಡಿ. ಹಕ್ಕಿಜ್ವರವೂ ಹೊರಗಿನಿಂದ ಹೀಗೇ ಕಾಣುತ್ತದೆ. ಸತ್ತವನ್ನು ಹೊಳೆಗೂ ಎಸೆಯಬೇಡಿ. ಸುಣ್ಣ ಹಾಕಿ ಆಳಕ್ಕೆ ಹೂಳಿ, ಪಶು ಆಸ್ಪತ್ರೆಗೆ ತಿಳಿಸಿ.

—

ಗಂಗಾವಳಿ ಹಿತ್ತಲು

ನಿನ್ನೆ ಸಂಘದ ಮೀಟಿಂಗಿನಲ್ಲಿ ವರದಿ ಓದಿದೆ. ‘ಸೀಸೆಯಲ್ಲಿದ್ದದ್ದು 3ನೇ ಬಳಿ, ಸತ್ತ ಕೋಳಿಯಲ್ಲಿದ್ದದ್ದು 13ನೇ ಬಳಿ’ ಎಂದೆ. ಬಳಿ ಅಂದಿದ್ದು ಎಲ್ಲರಿಗೂ ತಟ್ಟನೆ ತಿಳಿಯಿತು. ಒಬ್ಬ ಅಜ್ಜಿ ‘ಹಾಗಾದರೆ ಬೇರೆ ಮನೆತನದ್ದೇ’ ಎಂದರು. ಚಪ್ಪಲಿಯ ಮಾತನ್ನೂ ನಾನೇ ಹೇಳಿದೆ, ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಂಜ ತಂದವರೇ ಎದ್ದು ‘ಮುಂದಿನ ಸಲ ನಮ್ಮ ಮನೆ ಕೊನೆಗೆ ಇಟ್ಟುಕೋ’ ಎಂದರು.

ಒಂಬತ್ತರಲ್ಲಿ ಆರು ಮನೆ ಒಪ್ಪಿವೆ. ಮರಿಗಳ ಹನಿಗೆ ದಿನ ಗೊತ್ತು ಮಾಡಿ ತಿಳಿಸುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ನಮ್ಮ ಗೂಡು ಅಡಿಕೆ ದಬ್ಬೆಯದು, ಸಂದಿ ಸಂದಿಯಲ್ಲಿ ಹಿಕ್ಕೆ ಒಣಗಿ ಕೂತಿದೆ. ಬಿಸಿಲೂ ಇಲ್ಲ. ದಬ್ಬೆ ತೊಳೆದರೆ ಸಾಕಾ, ಸುಟ್ಟು ಹೊಸದು ಕಟ್ಟಬೇಕಾ?

—

ನಿವೃತ್ತ ಪಶುವೈದ್ಯ (ಶಿರಸಿ)

ಸುಟ್ಟುಬಿಡಿ ತಂಗಿ. ಹೊಸ ದಬ್ಬೆ ಬೇಕಾದರೆ ನಮ್ಮ ತೋಟದಲ್ಲಿ ಬಿದ್ದ ಮರ ಎರಡಿವೆ.